ರಾಯರ ನಾಲ್ಕು ಪೆಟ್ಟಿಗೆಗಳು ರದ್ದಿಯಲ್ಲ



ಕಳೆದ ಸಂಚಿಕೆಯ ಕೊನೆಯ ಪುಟದಲ್ಲಿ, ದೀಪಾವಳಿ ಊಟದ ಲೆಕ್ಕದ ಕೆಳಗೆ, ನಾಲ್ಕು ಸಾಲಿನ ಒಂದು ಪ್ರಕಟಣೆ ಇತ್ತು. ನಿಮ್ಮಲ್ಲಿ ಬಹಳ ಮಂದಿ ಅದನ್ನು ಓದಿರಲಾರಿರಿ. ಹೋಳಿಗೆಗೆ ಎಷ್ಟು ಖರ್ಚಾಯಿತೆಂದು ನೋಡಿ ಪುಟ ಮಡಚಿಟ್ಟಿರುತ್ತೀರಿ. ಕೂಟದ ಗ್ರಂಥಾಲಯಕ್ಕೆ ದಾನವಾಗಿ ಬಂದ "ಕನ್ನಡೇತರ ಕ್ರೀಡಾ ಪುಸ್ತಕ"ಗಳ ಪೈಕಿ ಬೆಲೆ ಬರುವಂಥವನ್ನು ಮಾರಿ, ಉಳಿದದ್ದನ್ನು ರೀಸೈಕ್ಲಿಂಗಿಗೆ ಹಾಕಲು ಕಾರ್ಯಕಾರಿ ಸಮಿತಿ ತೀರ್ಮಾನಿಸಿದೆ ಎಂಬುದು ಅದರ ಸಾರಾಂಶ. ಈ ತೀರ್ಮಾನ ತಪ್ಪು ಎಂದು ಹೇಳಲು ನಾವಿಬ್ಬರು, ಗಂಡ ಹೆಂಡತಿ, ಅಡಿಗೆಮನೆಯ ಮೇಜಿನ ಮುಂದೆ ಕೂತು ಇದನ್ನು ಬರೆಯುತ್ತಿದ್ದೇವೆ. ಸಮಿತಿಯಲ್ಲಿ ಇರುವವರೆಲ್ಲ ನಮ್ಮ ಸ್ನೇಹಿತರೇ. ಸ್ನೇಹ ಬೇರೆ, ಇದು ಬೇರೆ.

ಪುಸ್ತಕಗಳು ಯಾರವೆಂದು ಹಳಬರಿಗೆ ಗೊತ್ತು. ಹೆಸರು ಹಾಕುವುದು ಬೇಡವೆಂದು ಅವರ ಮನೆಯವರ ಅಪೇಕ್ಷೆ. ಎಲ್ಲರೂ ಕರೆಯುತ್ತಿದ್ದ ಹಾಗೆ ರಾಯರು ಎಂದೇ ಬರೆಯುತ್ತೇವೆ. 1968ರಲ್ಲಿ ಈ ದೇಶಕ್ಕೆ ಬಂದವರು. ಸಂಕ್ರಾಂತಿಗೆ ಎಳ್ಳು ಬೀರುವಾಗಲೂ ಕಿವಿಗೆ ಸಣ್ಣ ರೇಡಿಯೋ ಸಿಕ್ಕಿಸಿಕೊಂಡಿರುತ್ತಿದ್ದರು. (ಜನವರಿಯಲ್ಲಿ ಬೇಸ್‌ಬಾಲ್ ಎಲ್ಲಿಂದ ಬರಬೇಕು ಎಂದು ಈಗ ನಮ್ಮ ಮನೆಯವರು ಆಕ್ಷೇಪಿಸುತ್ತಿದ್ದಾರೆ. ಸರಿ, ಯುಗಾದಿ ಎಂದು ತಿದ್ದಿಕೊಳ್ಳಿ.) ಅವರು ಹೋದ ಮೇಲೆ ನೆಲಮಾಳಿಗೆಯಿಂದ ನಾಲ್ಕು ದೊಡ್ಡ ಪೆಟ್ಟಿಗೆ ಪುಸ್ತಕ ಬಂದವು. ಸಮಿತಿಯವರು ಬಂದರು, ಫೋನು ಹಿಡಿದು ಒಂದೊಂದರ ಬೆಲೆ ನೋಡಿದರು, ಹನ್ನೊಂದನ್ನು ಪಕ್ಕಕ್ಕೆ ಇಟ್ಟರು. ಆ ಹನ್ನೊಂದೂ ಎರಡು ವಾರದಲ್ಲಿ ವಾಪಸು ಬಂದವು. ಪುಟದ ಅಂಚಿನಲ್ಲೆಲ್ಲ ಪೆನ್ಸಿಲಿನಲ್ಲಿ ಏನೋ ಬರೆದಿದೆ, ಇಂಥದ್ದನ್ನು ನಾವು ಕೊಳ್ಳುವುದಿಲ್ಲ ಎಂದನಂತೆ ಹಳೆ ಪುಸ್ತಕದ ವ್ಯಾಪಾರಿ.

ಬರೆದದ್ದು ಯಾವ ಭಾಷೆಯಲ್ಲಿ ಎಂದು ಒಬ್ಬರಾದರೂ ತೆರೆದು ನೋಡಬೇಡವೇ? ಕನ್ನಡದಲ್ಲಿ. ಉದ್ದಕ್ಕೂ ಕನ್ನಡದಲ್ಲಿ, ಅವರ ಆ ಓರೆ ಅಕ್ಷರದಲ್ಲಿ. ಇವನ್ನೇ ನಮ್ಮ ಕನ್ನಡ ಕೂಟ ಕನ್ನಡೇತರ ಎಂದು ಪಟ್ಟಿ ಮಾಡಿದೆ.

ಮೊದಲ ವಾದ ಏನೆಂದು ನಮಗೆ ಗೊತ್ತು, ಸಭೆಯಲ್ಲಿ ಕೇಳಿಬಂದದ್ದೇ: ಬೇಸ್‌ಬಾಲೂ ಒಂದು ಆಟವೇ, ನಮ್ಮ ಚಿಣ್ಣಿದಾಂಡಿಗೆ ಷರಾಯಿ ಹಾಕಿಸಿದ್ದಾರೆ, ಅದಕ್ಕೊಂದು ಸಾಹಿತ್ಯ ಬೇರೆ ಕೇಡು. ಕ್ರಿಕೆಟ್ ಬಿಟ್ಟರೆ ಆಟವಿಲ್ಲ ಎನ್ನುವವರಿಗೆ ಒಂದು ಸಂಗತಿ. ಬೇಸ್‌ಬಾಲ್ ಬರವಣಿಗೆಯ ಮೂಲಪುರುಷ ಎನ್ನಬಹುದಾದ ಹೆನ್ರಿ ಚಾಡ್ವಿಕ್ ಇಂಗ್ಲೆಂಡಿನಲ್ಲಿ ಹುಟ್ಟಿ, ಹುಡುಗನಾಗಿದ್ದಾಗ ಇಲ್ಲಿಗೆ ಬಂದು, ನ್ಯೂಯಾರ್ಕಿನ ಪತ್ರಿಕೆಗಳಿಗೆ ಕ್ರಿಕೆಟ್ ವರದಿ ಬರೆಯುತ್ತಿದ್ದವನು. ಕ್ರಿಕೆಟ್ಟಿನ ಲೆಕ್ಕ ಬರೆದು ಪಳಗಿದ ಕೈಯಿಂದಲೇ ಬೇಸ್‌ಬಾಲಿನ ಲೆಕ್ಕದ ಕೋಷ್ಟಕವನ್ನು ರೂಪಿಸಿದ. 1860ರಲ್ಲಿ ಅವನು ಸಂಪಾದಿಸಿದ ಹತ್ತು ಸೆಂಟಿನ ಕೈಪಿಡಿ ಇಂದು ಹರಾಜಿನವರ ಕಣ್ಣಿಗೆ ಬಿದ್ದಿದೆ, ಗಾಜಿನ ಪೆಟ್ಟಿಗೆ ಸೇರಿದೆ. ವಲಸೆ ಬಂದ ಹುಡುಗನೊಬ್ಬ ತನಗೆ ಗೊತ್ತಿದ್ದ ವಿದ್ಯೆಯಿಂದ ಗೊತ್ತಿಲ್ಲದ ಆಟವನ್ನು ಅರ್ಥ ಮಾಡಿಕೊಂಡ. ರಾಯರು ಮಾಡಿದ್ದೂ ಅದನ್ನೇ.

ಎರಡನೆಯ ವಾದ ಬೆಲೆಯದು. ಇದರ ಬಗ್ಗೆ ಮಾತಾಡುವ ಹಕ್ಕು ನಮಗೆ ಚೆನ್ನಾಗಿಯೇ ಇದೆ, ಏಕೆಂದರೆ ನಾವೂ ಅದೇ ಹಳ್ಳಕ್ಕೆ ಬಿದ್ದವರು. 1990ರಲ್ಲಿ ನಮ್ಮ ಮಗನಿಗೆ ಒಂಬತ್ತು ವರ್ಷ. ಬೇಸ್‌ಬಾಲ್ ಕಾರ್ಡುಗಳನ್ನು ಇಟ್ಟುಕೊಂಡರೆ ಕಾಲೇಜಿನ ಫೀಸು ಹುಟ್ಟುತ್ತದೆ ಎಂದು ಆಗ ಎಲ್ಲರೂ ಹೇಳುತ್ತಿದ್ದರು. ಒಂದು ಪಾಟ್‌ಲಕ್‌ನಲ್ಲಿ ಬಿಸಿಬೇಳೆಬಾತಿನ ಪಾತ್ರೆಯ ಮುಂದೆ ನಿಂತು ನಾವೇ ನಾಲ್ಕು ಜನಕ್ಕೆ ಹೇಳಿದ್ದೇವೆ. ಸೀಲು ಒಡೆಯದ ಪೆಟ್ಟಿಗೆಗಳನ್ನು ತಂದು ಅಟ್ಟದ ಮೇಲೆ ಇಟ್ಟೆವು. ಹುಡುಗ ಒಂದು ಪ್ಯಾಕೆಟ್ಟು, ಒಂದೇ ಒಂದು ಪ್ಯಾಕೆಟ್ಟು ಒಡೆಯುತ್ತೇನೆ ಎಂದು ಅತ್ತ. ಮುಟ್ಟಬೇಡ ಎಂದು ಗದರಿಸಿದೆವು. 1994ರ ಆಗಸ್ಟಿನಲ್ಲಿ ಆಟಗಾರರ ಮುಷ್ಕರ ಶುರುವಾಯಿತು, ಆ ವರ್ಷ ವರ್ಲ್ಡ್ ಸೀರೀಸೇ ನಡೆಯಲಿಲ್ಲ, ಕಾರ್ಡಿನ ಮಾರುಕಟ್ಟೆಯೂ ಕುಸಿದು ಕೂತಿತು. ಅವನಿಗೀಗ ಕಿವಿಯ ಹತ್ತಿರ ಕೂದಲು ನರೆತಿದೆ. ಹೋದ ಬೇಸಿಗೆಯಲ್ಲಿ ತನ್ನ ಮಗಳನ್ನು ಕೂರಿಸಿಕೊಂಡು ಆ ಪ್ಯಾಕೆಟ್ಟುಗಳನ್ನು ಒಂದೊಂದಾಗಿ ಒಡೆದ. ಒಳಗಿದ್ದ ಚೂಯಿಂಗ್ ಗಮ್ ಸುಣ್ಣದ ಕಡ್ಡಿಯ ಹಾಗೆ ಪುಡಿಪುಡಿಯಾಯಿತು. ಇಷ್ಟು ವರ್ಷ ಇವನ್ನು ಯಾಕಪ್ಪಾ ಮುಚ್ಚಿಟ್ಟಿದ್ದಿರಿ ಎಂದು ಮೊಮ್ಮಗಳು ಕೇಳಿದಳು. ನಾವಿಬ್ಬರೂ ಕಾಫಿ ಮಾಡುವ ನೆಪದಲ್ಲಿ ಒಳಗೆ ಹೋದೆವು.

ಲೆಕ್ಕ ಸರಳ. ಎಲ್ಲರೂ ಜೋಪಾನ ಮಾಡಿದ್ದಕ್ಕೆ ಬೆಲೆ ಬರುವುದಿಲ್ಲ. 1952ರ ಮಿಕಿ ಮ್ಯಾಂಟಲ್ ಕಾರ್ಡೊಂದು 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹೋಯಿತು. ಆ ಕಾಲದ ಮಕ್ಕಳು ಅದನ್ನು ಸೈಕಲ್ ಚಕ್ರಕ್ಕೆ ಸಿಕ್ಕಿಸಿದರು, ತಾಯಂದಿರು ಗುಡಿಸಿ ಎಸೆದರು. ಮಾರಾಟವಾಗದೆ ಉಳಿದ ಪೆಟ್ಟಿಗೆಗಳನ್ನು 1960ರಲ್ಲಿ ಸಮುದ್ರಕ್ಕೆ ಸುರಿಸಿದೆ ಎಂದು ತಯಾರಕರ ಕಡೆಯ ಸೈ ಬರ್ಗರ್ ತಾವೇ ಹೇಳಿಕೊಂಡಿದ್ದರು. ಇನ್ನು ಹೋನಸ್ ವಾಗ್ನರ್ ಎಂಬ ಹಳೆಯ ಆಟಗಾರನ ಸಿಗರೇಟು ಕಾರ್ಡಿನ ಕಥೆ ಕೇಳಿ. 1991ರಲ್ಲಿ ಐಸ್ ಹಾಕಿಯ ವೇನ್ ಗ್ರೆಟ್ಸ್‌ಕಿ ಪಾಲುದಾರನೊಬ್ಬನ ಜೊತೆ ಸೇರಿ 4,51,000 ಡಾಲರು ಕೊಟ್ಟು ಅದನ್ನು ಕೊಂಡ. ಅಂಚುಗಳು ಅಷ್ಟು ನೇರವಾಗಿರುವುದು ಹೇಗೆ ಎಂದು ಜನ ಬೆರಗಾದರು. ಅಂಚನ್ನು ಕತ್ತರಿಸಿದ್ದು ನಾನೇ ಎಂದು ವ್ಯಾಪಾರಿ ಬಿಲ್ ಮಾಸ್ಟ್ರೋ 2013ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡ. ಒಪ್ಪಿಕೊಂಡ ಮೇಲೂ ಆ ಕಾರ್ಡಿಗೆ ಬೆಲೆ ಇದೆ ಸ್ವಾಮಿ! ನಮ್ಮ ರಾಯರ ಪೆನ್ಸಿಲಿಗೆ ಮಾತ್ರ ಇಲ್ಲ.

ಪುಸ್ತಕದ ಸಂಗ್ರಾಹಕರೂ ಇವರಿಗಿಂತ ಬಹಳ ಬೇರೆಯಲ್ಲ. ಬರ್ನಾರ್ಡ್ ಮ್ಯಾಲಮಡ್‌ನ 'ದಿ ನ್ಯಾಚುರಲ್' 1952ರದ್ದು. ಮೊದಲ ಮುದ್ರಣ, ಮೇಲುಹೊದಿಕೆ ಸಮೇತ ಇದ್ದರೆ ಒಂದು ಬೆಲೆ, ಹೊದಿಕೆ ಹರಿದುಹೋಗಿದ್ದರೆ ಇನ್ನೊಂದು. ಕಾದಂಬರಿಗಲ್ಲ, ಕಾಗದದ ಅಂಗಿಗೆ ದುಡ್ಡು. ತೆರೆದರೆ ಬೆನ್ನು ಬಿರಿಯುತ್ತದೆ ಎಂದು ತೆರೆಯದೆ ಇಡುವವರನ್ನು ಸಂಗ್ರಾಹಕರು ಎನ್ನುವುದಕ್ಕಿಂತ ಕಾವಲುಗಾರರು ಎನ್ನುವುದು ಮೇಲು.

ಕಾವಲುಗಾರ ಎಂದಾಗ ನೆನಪಾಯಿತು. ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಎಂಬ ಊರಿನಲ್ಲಿ ಹುರುಳಿಕಾಯಿ ಡಬ್ಬಿ ತುಂಬುವ ಕಾರ್ಖಾನೆಯ ರಾತ್ರಿ ಕಾವಲುಗಾರನಾಗಿದ್ದ ಬಿಲ್ ಜೇಮ್ಸ್ 1977ರಲ್ಲಿ ಬೇಸ್‌ಬಾಲ್ ಅಂಕಿಅಂಶಗಳ ಒಂದು ಪುಸ್ತಕ ಬರೆದ. ಪ್ರಕಾಶಕರಿಲ್ಲ. ನಮ್ಮ ಈ ಪತ್ರಿಕೆಯ ಹಾಗೆಯೇ ಜೆರಾಕ್ಸ್ ಮಾಡಿಸಿ, ಒಂದು ಪತ್ರಿಕೆಯಲ್ಲಿ ಸಣ್ಣ ಜಾಹೀರಾತು ಕೊಟ್ಟು ಮಾರಿದ. ಖರ್ಚಾದದ್ದು ಸುಮಾರು 75 ಪ್ರತಿ. 1982ರಲ್ಲಿ ದೊಡ್ಡ ಪ್ರಕಾಶಕರು ಕೈಗೆತ್ತಿಕೊಂಡರು. ಮುಂದೆ ಬಾಸ್ಟನ್ ತಂಡ ಅವನನ್ನೇ ಸಲಹೆಗೆ ಕರೆಯಿತು, 86 ವರ್ಷದ ಮೇಲೆ 2004ರಲ್ಲಿ ವರ್ಲ್ಡ್ ಸೀರೀಸ್ ಗೆದ್ದಿತು. ನಮ್ಮ ಪತ್ರಿಕೆ 75ಕ್ಕಿಂತ ಹೆಚ್ಚು ಮನೆಗೆ ಹೋಗುತ್ತದೆ ಎಂಬುದನ್ನು ಸಂಪಾದಕರು ಗಮನಿಸಬೇಕು.

ನಾವು ಸಂಗ್ರಹದ ವಿರೋಧಿಗಳಲ್ಲ. ಕಪ್ಪು ಆಟಗಾರರನ್ನು ದೊಡ್ಡ ಲೀಗುಗಳಿಗೆ ಸೇರಿಸದಿದ್ದ ಕಾಲದಲ್ಲಿ ಅವರದೇ ನೀಗ್ರೋ ಲೀಗುಗಳಿದ್ದವು. ಆ ಆಟಗಳು ದಾಖಲೆ ಪುಸ್ತಕಗಳಿಗೆ ಬರಲಿಲ್ಲ. 1970ರಲ್ಲಿ ರಾಬರ್ಟ್ ಪೀಟರ್ಸನ್ 'ಓನ್ಲಿ ದಿ ಬಾಲ್ ವಾಸ್ ವೈಟ್' ಬರೆದ ಮೇಲೆ ಅನೇಕರು ಹಳೆಯ ಕಪ್ಪು ಪತ್ರಿಕೆಗಳ ಪುಟಗಳನ್ನು ತಿರುವಿಹಾಕಿ, ಒಂದೊಂದು ಆಟದ ಲೆಕ್ಕವನ್ನೂ ಹೆಕ್ಕಿ ತೆಗೆದರು. ದಶಕಗಟ್ಟಲೆ. ಮೂರು ಕಾಸು ಹುಟ್ಟದ ಕೆಲಸ. 2024ರ ಮೇ ತಿಂಗಳಲ್ಲಿ ಆ ಅಂಕಿಗಳು ಅಧಿಕೃತ ದಾಖಲೆಗೆ ಸೇರಿದಾಗ, ಬ್ಯಾಟಿಂಗ್ ಸರಾಸರಿಯಲ್ಲಿ ಟೈ ಕಾಬ್‌ನನ್ನು ಹಿಂದಿಕ್ಕಿ ಮೊದಲ ಸ್ಥಾನಕ್ಕೆ ಬಂದವನು ಜಾಷ್ ಗಿಬ್ಸನ್. ಅವನು ಸತ್ತು 77 ವರ್ಷವಾಗಿತ್ತು. ಯಾರೋ ಒಬ್ಬರು ಆ ಪತ್ರಿಕೆಗಳನ್ನು ರದ್ದಿಗೆ ಹಾಕದೆ ಉಳಿಸಿದ್ದರಿಂದ ತಾನೆ ಇದು ಆದದ್ದು?

ಈಗ ಪೆಟ್ಟಿಗೆಗಳ ವಿಷಯಕ್ಕೆ ಬರೋಣ. ಒಂದು ಪೆಟ್ಟಿಗೆಯಷ್ಟು ಕಸವೇ ಇದೆ, ಒಪ್ಪುತ್ತೇವೆ. ಆಟಗಾರರ ಹೆಸರಿನಲ್ಲಿ ಬೇರೆಯವರು ಗೀಚಿದ ಆತ್ಮಕಥೆಗಳು. ಅವು ಹೋದರೆ ಹೋಗಲಿ. ಜಿಮ್ ಬೌಟನ್‌ನ 'ಬಾಲ್ ಫೋರ್' ಇದೆ, 1970ರದ್ದು. ಆಟಗಾರರ ಕುಡಿತ, ಮಾತ್ರೆ, ಸಂಬಳದ ಜಗ್ಗಾಟ ಎಲ್ಲವನ್ನೂ ದಿನಚರಿಯಲ್ಲಿ ಬರೆದನೆಂದು ಕಮಿಷನರ್ ಅವನನ್ನು ಕರೆಸಿ ಛೀಮಾರಿ ಹಾಕಿದ್ದರು. ಸಂಬಳಕ್ಕಾಗಿ ಅಂಗಲಾಚುವ ಪುಟದ ಅಂಚಿನಲ್ಲಿ ರಾಯರು ಬರೆದಿದ್ದಾರೆ: "ನಮ್ಮ ಆಫೀಸಿನ ಕಥೆ ಇವನಿಗೆ ಯಾರು ಹೇಳಿದರು?" ರೋಜರ್ ಕಾನ್‌ನ 'ದಿ ಬಾಯ್ಸ್ ಆಫ್ ಸಮ್ಮರ್' ಇದೆ, 1972ರದ್ದು. ಬ್ರೂಕ್ಲಿನ್ ತಂಡದ ತನ್ನ ಕಾಲದ ವೀರರನ್ನು ಇಪ್ಪತ್ತು ವರ್ಷದ ಮೇಲೆ ಹುಡುಕಿಕೊಂಡು ಹೋಗುತ್ತಾನೆ. ಕಾರ್ಲ್ ಫುರಿಲ್ಲೊ ವರ್ಲ್ಡ್ ಟ್ರೇಡ್ ಸೆಂಟರಿನಲ್ಲಿ ಲಿಫ್ಟು ಜೋಡಿಸುತ್ತಿದ್ದಾನೆ, ಬಿಲ್ಲಿ ಕಾಕ್ಸ್ ಪೆನ್ಸಿಲ್ವೇನಿಯಾದ ಸಣ್ಣ ಊರಲ್ಲಿ ಹೆಂಡ ಹಾಕಿಕೊಡುತ್ತಿದ್ದಾನೆ, ರಾಯ್ ಕ್ಯಾಂಪನೆಲ್ಲ ಗಾಲಿಕುರ್ಚಿಯಲ್ಲಿ. ಅಲ್ಲಿ ರಾಯರ ಪೆನ್ಸಿಲು ಏನೂ ಬರೆದಿಲ್ಲ, ಪಕ್ಕದಲ್ಲಿ ಒಂದು ಗೆರೆ ಎಳೆದು ಬಿಟ್ಟಿದೆ.

ಹೆಚ್ಚು ಬರೆದಿರುವುದು ಲಾರೆನ್ಸ್ ರಿಟ್ಟರ್‌ನ 'ದಿ ಗ್ಲೋರಿ ಆಫ್ ದೇರ್ ಟೈಮ್ಸ್' ಪುಸ್ತಕದಲ್ಲಿ. ರಿಟ್ಟರ್ ಅರ್ಥಶಾಸ್ತ್ರದ ಪ್ರೊಫೆಸರು. 1961ರಲ್ಲಿ ತಂದೆ ತೀರಿಕೊಂಡರು. ತಂದೆ ಹೇಳುತ್ತಿದ್ದ ಹಳೆಯ ಆಟಗಾರರು ಇನ್ನೂ ಬದುಕಿರಬಹುದಲ್ಲ ಎಂದು ಟೇಪ್ ರೆಕಾರ್ಡರು ಕಾರಿಗೆ ಹಾಕಿಕೊಂಡು ಹೊರಟ. ಕೆಲವು ವರ್ಷಗಳಲ್ಲಿ 75,000 ಮೈಲಿ. ಸ್ಯಾಮ್ ಕ್ರಾಫರ್ಡ್ ಎಂಬ ಮಹಾ ಆಟಗಾರನನ್ನು ಹುಡುಕಿ ಸೋತು, ಕ್ಯಾಲಿಫೋರ್ನಿಯಾದ ಪುಟ್ಟ ಊರಿನ ಲಾಂಡ್ರಿಯಲ್ಲಿ ಬಟ್ಟೆ ಒಗೆಯಲು ಹಾಕಿ ಕೂತಾಗ ಪಕ್ಕದಲ್ಲಿದ್ದ ಮುದುಕನನ್ನು ವಿಚಾರಿಸಿದರೆ, ಆತನೇ ಕ್ರಾಫರ್ಡ್! 1966ರಲ್ಲಿ ಇಪ್ಪತ್ತೆರಡು ಜನರ ಮಾತು ಪುಸ್ತಕವಾಯಿತು. ಬಂದ ಗೌರವಧನವನ್ನು ಅವರೊಡನೆ ಹಂಚಿಕೊಂಡ. ಇದರ ಮುನ್ನುಡಿಯ ಅಂಚಿನಲ್ಲಿ ರಾಯರು ಬರೆದದ್ದು ಇಷ್ಟು: "ಅಪ್ಪನನ್ನು ಕೇಳಬೇಕಿತ್ತು. ಕೇಳಲಿಲ್ಲ. ಟ್ರಂಕ್ ಕಾಲಿನಲ್ಲಿ ಮೂರು ನಿಮಿಷ." ಕೊನೆಯ ಖಾಲಿ ಹಾಳೆಯಲ್ಲಿ ನಮ್ಮ ಕೂಟದ ಹಿರಿಯರ ಹದಿನಾರು ಹೆಸರುಗಳ ಪಟ್ಟಿ ಇದೆ, ಮೇಲೆ "ಟೇಪ್ ಮಾಡಬೇಕು" ಎಂಬ ತಲೆಬರಹ. ಎರಡು ಹೆಸರಿನ ಮುಂದೆ ಗುರುತು ಹಾಕಿದೆ. ಹದಿನಾರರಲ್ಲಿ ಇಂದು ನಮ್ಮೊಡನೆ ಇರುವವರು ಐದು ಜನ.

ಇದನ್ನು ರೀಸೈಕ್ಲಿಂಗಿಗೆ ಹಾಕಲು ಹೊರಟಿದ್ದೇವೆ.

ಸಮಿತಿಯವರು ಜಾಗದ ಅಭಾವ ಎನ್ನುತ್ತಾರೆ. ಬಾಡಿಗೆ ಕಪಾಟಿನಲ್ಲಿ ನಾಟಕದ ಗದೆ ಐದಿವೆ, ರಾಜನ ಕಿರೀಟ ಮೂರಿವೆ, ಥರ್ಮೋಕೋಲಿನ ಗೋಪುರವಂತೂ ವರ್ಷವರ್ಷವೂ ಅರ್ಧ ಜಾಗ ತಿನ್ನುತ್ತಿದೆ. ಅವನ್ನು ಸ್ವಲ್ಪ ಸರಿಸಿದರೆ ಮೂರು ಪೆಟ್ಟಿಗೆ ಸಲೀಸಾಗಿ ಹಿಡಿಸುತ್ತವೆ. ನಾವು ಅಳತೆ ಟೇಪು ಹಿಡಿದು ನೋಡಿಯೇ ಬಂದಿದ್ದೇವೆ.

ಸದ್ಯಕ್ಕೆ ಪೆಟ್ಟಿಗೆಗಳು ನಮ್ಮ ಗರಾಜಿನಲ್ಲಿವೆ. ಕೇಳದೆ ತಂದದ್ದಕ್ಕೆ ಅಧ್ಯಕ್ಷರ ಕ್ಷಮೆ ಇರಲಿ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯ ಎತ್ತುತ್ತೇವೆ, ಮತಕ್ಕೆ ಹಾಕಿ ಎಂದೂ ಕೇಳುತ್ತೇವೆ. ಅದಕ್ಕೂ ಮೊದಲು, ಯುಗಾದಿ ಕಾರ್ಯಕ್ರಮದ ದಿನ ಊಟದ ಸಾಲಿನ ಪಕ್ಕದ ಮೇಜಿನ ಮೇಲೆ ಒಂದು ಪೆಟ್ಟಿಗೆ ತೆರೆದಿಡುತ್ತೇವೆ. ಕೈ ತೊಳೆದುಕೊಂಡು ಬಂದು ನೋಡಿ. ರಿಟ್ಟರ್ ಪುಸ್ತಕದ ಪಟ್ಟಿಯಲ್ಲಿ ಉಳಿದಿರುವ ಐವರಲ್ಲಿ ಇಬ್ಬರು ಆ ದಿನ ಬರುತ್ತೇವೆಂದು ಒಪ್ಪಿದ್ದಾರೆ. ಒಬ್ಬರಿಗೆ ಕಿವಿ ಸ್ವಲ್ಪ ಮಂದ, ಜೋರಾಗಿ ಕೇಳಬೇಕು. ರೆಕಾರ್ಡ್ ಮಾಡಲು ನಮ್ಮ ಮೊಮ್ಮಗಳು ಬರುತ್ತಾಳೆ. ಅವಳ ಕನ್ನಡ ಅಷ್ಟಕ್ಕಷ್ಟೆ, ಪ್ರಶ್ನೆ ಕೇಳಲು ದೊಡ್ಡವರೊಬ್ಬರು ಜೊತೆಗೆ ಕೂರಬೇಕು. ಕೂರುವವರು ಮೊದಲೇ ಫೋನ್ ಮಾಡಿ ತಿಳಿಸಿ.

— ನಿಮ್ಮವರೇ ಆದ ಇಬ್ಬರು ಆಜೀವ ಸದಸ್ಯರು