ವಕೀಲೆ ಬೇಕು, ಆಕೆಯ ಪಾಟೀಸವಾಲು ಬೇಡ

ಮಾರ್ಗರೇಟ್ ಆಳ್ವ ಅವರ ಹೆಸರೆತ್ತಿದರೆ ಸಾಕು, ಕಾಂಗ್ರೆಸ್ಸಿನ ಹಳೆಯ ತಲೆಗಳಿಂದ ಹಿಡಿದು ಟಿ.ವಿ. ಪಂಡಿತರವರೆಗೆ ಎಲ್ಲರದೂ ಒಂದೇ ರಾಗ: ಪಕ್ಷ ಅವರಿಗೆ ಎಲ್ಲವನ್ನೂ ಕೊಟ್ಟಿತು, ಮಗನಿಗೆ ಟಿಕೆಟ್ ಸಿಗಲಿಲ್ಲವೆಂದು ಅವರು ತಿರುಗಿಬಿದ್ದರು. ಕೇಸು ಮುಗಿಯಿತು. ಈ ತೀರ್ಪು ಕೊಟ್ಟವರಾರು, ಸಾಕ್ಷಿ ನುಡಿದವರಾರು ಎಂದು ಕೇಳುವವರೇ ಇಲ್ಲ. ಆರೋಪ ಮಾಡಿದವರನ್ನೇ ಕಟಕಟೆ ಹತ್ತಿಸಿ, ಆರೋಪವನ್ನು ಹಿಂಬಾಗಿಲಿನಿಂದ ಸಾಗಹಾಕುವ ವಿದ್ಯೆಯನ್ನು ನಮ್ಮ ರಾಜಕೀಯ ಪಕ್ಷಗಳಿಗೆ ಯಾವ ಕಾನೂನು ಕಾಲೇಜೂ ಹೇಳಿಕೊಡಬೇಕಾಗಿಲ್ಲ.

‘ಎಲ್ಲವನ್ನೂ ಕೊಟ್ಟಿತು’ ಎನ್ನುವವರು ದಯವಿಟ್ಟು ಲೆಕ್ಕ ಒಪ್ಪಿಸಲಿ. 1942ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜು ಮತ್ತು ಸರ್ಕಾರಿ ಕಾನೂನು ಕಾಲೇಜಿನಲ್ಲಿ ಓದಿ, ಚರ್ಚಾಸ್ಪರ್ಧೆಗಳಲ್ಲಿ ಹೆಸರು ಮಾಡಿ ವಕೀಲಿಕೆಗೆ ಬಂದವರು ಮಾರ್ಗರೇಟ್. 1974ರಲ್ಲಿ ರಾಜ್ಯಸಭೆಗೆ ಹೋದಾಗ ವಯಸ್ಸು 32, ಮನೆಯಲ್ಲಿ ಚಿಕ್ಕ ಮಕ್ಕಳು. 1980, 1986, 1992ರಲ್ಲಿ ಮತ್ತೆ ರಾಜ್ಯಸಭೆ. 1999ರಲ್ಲಿ ಉತ್ತರ ಕನ್ನಡದಲ್ಲಿ ಬಿಜೆಪಿಯ ಅನಂತಕುಮಾರ್ ಹೆಗಡೆ ಅವರನ್ನು ಸೋಲಿಸಿ ಲೋಕಸಭೆ. ಹತ್ತಿರಹತ್ತಿರ ಮೂರು ದಶಕದ ಸಂಸದೀಯ ಅನುಭವ. ರಾಜೀವ್ ಗಾಂಧಿ ಸರ್ಕಾರದಲ್ಲಿ ಸಂಸದೀಯ ವ್ಯವಹಾರ, ಯುವಜನ ಮತ್ತು ಕ್ರೀಡೆ, ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿ. ನರಸಿಂಹ ರಾವ್ ಸರ್ಕಾರದಲ್ಲಿ ಸಿಬ್ಬಂದಿ ಖಾತೆ. ಎಲ್ಲೆಲ್ಲೂ ರಾಜ್ಯ ಸಚಿವೆ. ಕ್ಯಾಬಿನೆಟ್ ದರ್ಜೆ ಒಮ್ಮೆಯೂ ಇಲ್ಲ. ಸದನದಲ್ಲಿ ವಿರೋಧ ಪಕ್ಷದವರ ಬಾಯಿ ಮುಚ್ಚಿಸಲು ಈ ವಕೀಲೆ ಬೇಕಾಗಿತ್ತು. ಸಂಪುಟ ಸಭೆಯಲ್ಲಿ ಕುರ್ಚಿ ಹಾಕುವಾಗ ಮಾತ್ರ ಅದು ಹೇಗೋ ಒಂದು ಕಡಿಮೆ ಬೀಳುತ್ತಿತ್ತು. ಎಲ್ಲವನ್ನೂ ಕೊಡುವುದೆಂದರೆ ಇದೇ ಇರಬೇಕು.

ಇನ್ನೊಂದು ಹಳೆಯ ಕುಹಕವಿದೆ: ಅತ್ತೆ-ಮಾವನ ಹೆಸರಿನ ಬಲದಿಂದ ಬಂದವರು. ಜೋಕಿಂ ಆಳ್ವ, ವಯಲೆಟ್ ಆಳ್ವ ದಂಪತಿಯ ಸೊಸೆ ಅವರು, ನಿಜ. ಆ ಅತ್ತೆಯ ಬದುಕನ್ನೂ ಸ್ವಲ್ಪ ನೋಡೋಣ. ವಯಲೆಟ್ ಕೂಡ ವಕೀಲೆ. 1944ರಲ್ಲಿ ಹೈಕೋರ್ಟಿನ ಪೂರ್ಣಪೀಠದ ಮುಂದೆ ವಾದಿಸಿದ ದೇಶದ ಮೊದಲ ಮಹಿಳೆ. ಅದಕ್ಕೂ ಹಿಂದಿನ ವರ್ಷ ಬ್ರಿಟಿಷರು ಬಂಧಿಸಿದಾಗ ಐದು ತಿಂಗಳ ಕೂಸನ್ನು ಎತ್ತಿಕೊಂಡೇ ಮುಂಬೈನ ಆರ್ಥರ್ ರೋಡ್ ಜೈಲಿಗೆ ನಡೆದವರು. 1962ರಿಂದ 1969ರವರೆಗೆ ರಾಜ್ಯಸಭೆಯ ಉಪಸಭಾಪತಿ. 1969ರಲ್ಲಿ ಉಪರಾಷ್ಟ್ರಪತಿ ಸ್ಥಾನಕ್ಕೆ ಅವರ ಹೆಸರು ಬಂದಿತು. ಇಂದಿರಾ ಗಾಂಧಿ ಬೆಂಬಲಿಸಲಿಲ್ಲ. ನವೆಂಬರಿನಲ್ಲಿ ರಾಜೀನಾಮೆ ಕೊಟ್ಟು ಕೆಲವೇ ದಿನಗಳಲ್ಲಿ ತೀರಿಕೊಂಡರು. ಗೆಲ್ಲುವ ಅವಕಾಶವಿದ್ದಾಗ ಅತ್ತೆಗೆ ಬೆಂಬಲವಿಲ್ಲ. ಸೋಲು ಖಚಿತವಾಗಿದ್ದಾಗ, ಅಂದರೆ 2022ರಲ್ಲಿ, ಸೊಸೆಗೆ ಅದೇ ಸ್ಥಾನದ ಉಮೇದುವಾರಿಕೆ. ಆಳ್ವ ಮನೆತನಕ್ಕೆ ಪಕ್ಷ ತೋರಿಸಿದ ಕೃಪೆಯ ಎರಡು ತುದಿ ಇವು.

ಗಂಡುಮಕ್ಕಳ ವಿಷಯದಲ್ಲಿ ಈ ಕುಹಕ ಏಕೆ ಕೇಳಿಬರುವುದಿಲ್ಲ? ದೇವೇಗೌಡರ ಮಕ್ಕಳು, ಮೊಮ್ಮಕ್ಕಳು, ಬಂಗಾರಪ್ಪನವರ ಇಬ್ಬರು ಮಕ್ಕಳು, ಯಡಿಯೂರಪ್ಪನವರ ಇಬ್ಬರು ಮಕ್ಕಳು, ಖರ್ಗೆಯವರ ಮಗ. ಇವರೆಲ್ಲ ‘ಉತ್ತರಾಧಿಕಾರಿಗಳು’, ‘ಭವಿಷ್ಯದ ನಾಯಕರು’. ಸೊಸೆ ಬಂದರೆ ಮಾತ್ರ ಅದು ಕೃಪೆ, ಭಿಕ್ಷೆ.

ಈಗ 2008ರ ವಿಷಯ. ಆ ವರ್ಷ ಮೇ ತಿಂಗಳಲ್ಲಿ ನಡೆದ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ 80 ಸ್ಥಾನಕ್ಕೆ ನಿಂತಿತು. ಬಿಜೆಪಿ 110 ಗೆದ್ದು ದಕ್ಷಿಣದಲ್ಲಿ ಮೊದಲ ಬಾರಿಗೆ ಸ್ವಂತ ಸರ್ಕಾರ ರಚಿಸಿತು. ನವೆಂಬರಿನಲ್ಲಿ ಎಐಸಿಸಿ ಪ್ರಧಾನ ಕಾರ್ಯದರ್ಶಿಯಾಗಿದ್ದ ಆಳ್ವ ಬಹಿರಂಗವಾಗಿ ಹೇಳಿಬಿಟ್ಟರು: ಕರ್ನಾಟಕದಲ್ಲಿ ಟಿಕೆಟ್‌ಗಳು ಮಾರಾಟವಾದವು. ಬೇರೆ ರಾಜ್ಯಗಳಲ್ಲಿ ನಾಯಕರ ಮಕ್ಕಳಿಗೆ ಟಿಕೆಟ್ ಕೊಟ್ಟು ಇಲ್ಲಿ ಬೇರೆ ನಿಯಮವೇಕೆ ಎಂದೂ ಕೇಳಿದರು. ಪಕ್ಷ ಆರೋಪವನ್ನು ಅಲ್ಲಗಳೆಯಿತು. ದಿನಗಳಲ್ಲೇ ಕಾರ್ಯದರ್ಶಿ ಸ್ಥಾನ ಹೋಯಿತು, ಕಾರ್ಯಕಾರಿ ಸಮಿತಿಯ ಸದಸ್ಯತ್ವ ಹೋಯಿತು. ಮರುವರ್ಷ ಆಗಸ್ಟಿನಲ್ಲಿ ಉತ್ತರಾಖಂಡದ ರಾಜ್ಯಪಾಲರನ್ನಾಗಿ ಮಾಡಿ ಡೆಹ್ರಾಡೂನಿನ ರಾಜಭವನಕ್ಕೆ ಕಳಿಸಲಾಯಿತು. ನಮ್ಮಲ್ಲಿ ಗುಡ್ಡಗಾಡಿನ ತಂಪು ಹವೆ ಕೆಲವರ ಆರೋಗ್ಯಕ್ಕೂ ಹಲವರ ನೆಮ್ಮದಿಗೂ ಒಳ್ಳೆಯದು.

ಮಗನಿಗೆ ಟಿಕೆಟ್ ಸಿಕ್ಕಿರಲಿಲ್ಲ, ಅದಕ್ಕೇ ಮಾತಾಡಿದರು ಎನ್ನುತ್ತಾರೆ. ಸರಿ, ಅದಕ್ಕೇ ಇರಲಿ. ಜಮೀನು ಕಳೆದುಕೊಂಡವನು ದಾವೆ ಹೂಡಿದರೆ ನಿನ್ನ ಜಮೀನು ಹೋಗಿದ್ದಕ್ಕೆ ತಾನೇ ಬಂದೆ ಎಂದು ಯಾವ ನ್ಯಾಯಾಧೀಶರಾದರೂ ಅರ್ಜಿ ವಜಾ ಮಾಡುತ್ತಾರೆಯೇ? ನೊಂದವರೇ ದೂರು ಕೊಡುವುದು. ಟಿಕೆಟ್ ಮಾರಾಟವಾಯಿತೋ ಇಲ್ಲವೋ ಎಂಬ ಪ್ರಶ್ನೆಗೆ ತಾಯಿಯ ಹೊಟ್ಟೆಸಂಕಟ ಉತ್ತರವಲ್ಲ. ಜನರ ಮುಂದಿಟ್ಟ ತನಿಖಾ ವರದಿ ಎಲ್ಲಿದೆ? ಯಾವ ಕ್ಷೇತ್ರಕ್ಕೆ ಯಾವ ಮಾನದಂಡದ ಮೇಲೆ ಯಾರಿಗೆ ಬಿ ಫಾರಂ ಕೊಟ್ಟೆವು ಎಂದು ಕಾಂಗ್ರೆಸ್ ಇರಲಿ, ಬಿಜೆಪಿ ಇರಲಿ, ಜನತಾದಳ ಇರಲಿ, ಒಂದು ಹಾಳೆಯನ್ನಾದರೂ ಪ್ರಕಟಿಸಿದ್ದುಂಟೇ?

ಇದು ಒಬ್ಬ ತಾಯಿ, ಒಬ್ಬ ಮಗನ ಜಗಳವೆಂದು ತಳ್ಳಿಹಾಕಲಾಗದ್ದು ಇಲ್ಲಿಯೇ. ಹೆಂಗಸರನ್ನು ರಾಜಕೀಯದಿಂದ ಹೊರಗಿಡುವ ಕೆಲಸ ಸಂವಿಧಾನದಲ್ಲೂ ನಡೆದಿಲ್ಲ, ಮತಗಟ್ಟೆಯಲ್ಲೂ ನಡೆಯುತ್ತಿಲ್ಲ. ಅದು ನಡೆಯುವುದು ಟಿಕೆಟ್ ಹಂಚುವ ಕೋಣೆಯಲ್ಲಿ. 2023ರ ವಿಧಾನಸಭಾ ಚುನಾವಣೆಯಲ್ಲಿ ಮೂರೂ ದೊಡ್ಡ ಪಕ್ಷಗಳಲ್ಲಿ ಒಂದಾದರೂ 20 ಮಹಿಳೆಯರಿಗೆ ಟಿಕೆಟ್ ಕೊಡಲಿಲ್ಲ. ಗೆದ್ದವರು 10. 224ಕ್ಕೆ 10. ಅದರಲ್ಲಿ ಮೂಡಿಗೆರೆಯ ನಯನಾ ಮೋಟಮ್ಮ ಅವರಂಥ ವಕೀಲೆಯೂ ಇದ್ದಾರೆ; ಅವರಿಗೂ ತಾಯಿಯ ಹೆಸರಿನ ಬಾಲ ಅಂಟಿಸಿಯೇ ಪರಿಚಯ. ಆ ವರ್ಷದ ಮೇ ತಿಂಗಳಲ್ಲಿ ಭರ್ತಿಯಾದ 34 ಜನರ ಸಂಪುಟದಲ್ಲಿ ಮಹಿಳೆ ಒಬ್ಬರೇ, ಲಕ್ಷ್ಮೀ ಹೆಬ್ಬಾಳಕರ. ಖಾತೆ? ಮಹಿಳಾ ಮತ್ತು ಮಕ್ಕಳ ಕಲ್ಯಾಣ. ಬೇರೇನು ಕೊಟ್ಟಾರು!

1972ರಲ್ಲೇ ಕೆ.ಎಸ್. ನಾಗರತ್ನಮ್ಮ ಅವರನ್ನು ಸ್ಪೀಕರ್ ಪೀಠದಲ್ಲಿ ಕೂರಿಸಿದ ರಾಜ್ಯ ಇದು. ಮಂಡಲ ಪಂಚಾಯಿತಿಗಳಲ್ಲಿ ಹೆಂಗಸರಿಗೆ ಶೇ 25 ಮೀಸಲಿಟ್ಟು 1987ರಲ್ಲಿ ಚುನಾವಣೆ ನಡೆಸಿ ದೇಶಕ್ಕೇ ಮಾದರಿ ಎನಿಸಿಕೊಂಡ ರಾಜ್ಯ. ಮರುವರ್ಷ ದೆಹಲಿಯಲ್ಲಿ ಮಹಿಳೆಯರ ರಾಷ್ಟ್ರೀಯ ಮುನ್ನೋಟ ಯೋಜನೆ ಸಿದ್ಧವಾಯಿತು. ಸ್ಥಳೀಯ ಸಂಸ್ಥೆಗಳಲ್ಲಿ ಶೇ 30 ಮೀಸಲಾತಿ ಶಿಫಾರಸು ಮಾಡಿದ ಆ ಯೋಜನೆ ರೂಪುಗೊಂಡಿದ್ದು ಇದೇ ಮಾರ್ಗರೇಟ್ ಆಳ್ವ ಅವರ ಇಲಾಖೆಯಲ್ಲಿ. 1989ರ 64ನೇ ತಿದ್ದುಪಡಿ ಮಸೂದೆ ರಾಜ್ಯಸಭೆಯಲ್ಲಿ ಬಿತ್ತು. 1993ರಲ್ಲಿ 73ನೇ ತಿದ್ದುಪಡಿ ಜಾರಿಗೆ ಬಂದು ಮೂರನೇ ಒಂದು ಪಾಲು ಕಾನೂನಾಯಿತು. ಕರ್ನಾಟಕದ ಪಂಚಾಯಿತಿಗಳಲ್ಲಿ ಈಗ ಶೇ 50. ಚರಂಡಿ, ಬೀದಿದೀಪ, ಕುಡಿಯುವ ನೀರಿನ ಪೈಪು ನೋಡಿಕೊಳ್ಳಲು ಹೆಂಗಸರು ಅರ್ಧಕ್ಕರ್ಧ ಬೇಕು. ಲಕ್ಷಾಂತರ ಕೋಟಿಯ ಬಜೆಟ್ಟಿಗೆ ಕೈಯೆತ್ತುವ ಕಡೆ 224ಕ್ಕೆ 10.

ವಕೀಲರ ಲೋಕವಾದರೂ ಇದಕ್ಕಿಂತ ಮೇಲೇ? ಹೆಂಗಸರು ವಕೀಲಿಕೆ ಮಾಡಬಹುದೆಂದು ಕಾನೂನು ಒಪ್ಪಿದ್ದು 1923ರಲ್ಲಿ. ಅದಾಗಿ ನೂರು ವರ್ಷ ಕಳೆದ ಮೇಲೆ, 2025ರ ಜನವರಿಯಲ್ಲಿ, ಬೆಂಗಳೂರು ವಕೀಲರ ಸಂಘದ ಖಜಾಂಚಿ ಹುದ್ದೆಯನ್ನು ಮಹಿಳೆಗೆ ಮೀಸಲಿಡಿ ಎಂದು ಸುಪ್ರೀಂ ಕೋರ್ಟೇ ಆದೇಶಿಸಬೇಕಾಯಿತು. ಸಮಾನತೆಯ ಬಗ್ಗೆ ಗಂಟೆಗಟ್ಟಲೆ ವಾದಿಸಬಲ್ಲ ಕರಿಕೋಟಿನ ಮಹನೀಯರು ತಮ್ಮ ಸಂಘದ ಬೀರುವಿನ ಕೀಲಿಕೈ ಒಬ್ಬ ಹೆಂಗಸಿನ ಕೈಗೆ ಕೊಡಲು ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಗಿಬರಬೇಕಾಯಿತು. ಪಕ್ಷದವರು ಕೆಟ್ಟವರು, ವೃತ್ತಿಯವರು ಒಳ್ಳೆಯವರು ಎಂದುಕೊಂಡು ನೆಮ್ಮದಿಯಿಂದ ಇರುವುದಕ್ಕೂ ದಾರಿಯಿಲ್ಲ.

ಮತ್ತೆ ಆಳ್ವ ಅವರ ವಿಷಯಕ್ಕೆ ಬರೋಣ. 2022ರ ಆಗಸ್ಟ್ 6ರಂದು ಉಪರಾಷ್ಟ್ರಪತಿ ಚುನಾವಣೆಯಲ್ಲಿ ಜಗದೀಪ್ ಧನಕರ್ ಅವರಿಗೆ 528 ಮತ, ಆಳ್ವ ಅವರಿಗೆ 182. ಸೋಲು ಅಚ್ಚರಿಯಲ್ಲ. ಅಚ್ಚರಿ ತೃಣಮೂಲ ಕಾಂಗ್ರೆಸ್ಸಿನದು. ಹೆಂಗಸೊಬ್ಬರು ಕಟ್ಟಿ ಬೆಳೆಸಿದ, ಟಿಕೆಟ್ ಹಂಚುವಾಗ ಹೆಂಗಸರನ್ನು ನೆನೆಯುವ ಅಪರೂಪದ ಪಕ್ಷ; ತಮ್ಮನ್ನು ಕೇಳದೆ ಅಭ್ಯರ್ಥಿಯನ್ನು ಆರಿಸಿದರೆಂದು ಮುನಿಸಿಕೊಂಡು ಮತದಾನದಿಂದಲೇ ದೂರ ಉಳಿಯಿತು. ಪ್ರತಿಪಕ್ಷಗಳ ಒಗ್ಗಟ್ಟಿನ ಮೇಲೆ ಬರೆದ ಸಂಪಾದಕೀಯಗಳ ಶಾಯಿ ಇನ್ನೂ ಆರಿರಲಿಲ್ಲ.

ಮರುವರ್ಷ ಸೆಪ್ಟೆಂಬರಿನಲ್ಲಿ ಹೊಸ ಸಂಸತ್ ಭವನದಲ್ಲಿ ನಾರಿ ಶಕ್ತಿಯ ಹೆಸರಿನಲ್ಲಿ ಮೀಸಲಾತಿ ಮಸೂದೆ ಬಂತು. ಮೊದಲ ಬಾರಿ ಅದನ್ನು ಮಂಡಿಸಿದ್ದು 1996ರಲ್ಲಿ, ನಮ್ಮ ದೇವೇಗೌಡರ ಸರ್ಕಾರ. 27 ವರ್ಷ ಅದನ್ನು ಹರಿದು, ಎಸೆದು, ಕಪಾಟಿನಲ್ಲಿಟ್ಟು ಆಟವಾಡಿದ್ದಾಯಿತು. ಈಗ ಲೋಕಸಭೆಯಲ್ಲಿ ಪರವಾಗಿ 454, ವಿರುದ್ಧವಾಗಿ 2. ಎಂಥ ಒಮ್ಮತ! ಒಳಗೆ ತೂರಿಸಿದ ಷರತ್ತು ಓದಿದರೆ ಒಮ್ಮತದ ಗುಟ್ಟು ತಿಳಿಯುತ್ತದೆ: ಜನಗಣತಿಯಾಗಬೇಕು, ಆಮೇಲೆ ಕ್ಷೇತ್ರ ಮರುವಿಂಗಡಣೆಯಾಗಬೇಕು, ಆಮೇಲೆ ಮೀಸಲಾತಿ. 2024ರ ಲೋಕಸಭಾ ಚುನಾವಣೆಗೆ ಅದು ಅನ್ವಯವಾಗಲಿಲ್ಲ. ಕರ್ನಾಟಕದಿಂದ ಗೆದ್ದ 28 ಮಂದಿಯಲ್ಲಿ ಮಹಿಳೆಯರು 3. 2014ರಲ್ಲಿ ಒಬ್ಬರು, 2019ರಲ್ಲಿ ಇಬ್ಬರು, ಈಗ ಮೂವರು. ಇದೇ ವೇಗದಲ್ಲಿ ಹೋದರೆ ಮೂರನೇ ಒಂದು ಪಾಲು ಮುಟ್ಟಲು ಇನ್ನೂ ಆರೇಳು ಲೋಕಸಭೆ ಕಳೆಯಬೇಕು.

ಬಿ ಫಾರಂಗೆ ಸಹಿ ಹಾಕಲು ಜನಗಣತಿ ಬೇಕಿಲ್ಲ. 2019ರಲ್ಲಿ ಒಡಿಶಾದಲ್ಲಿ ನವೀನ್ ಪಟ್ನಾಯಕ್ ಯಾವ ತಿದ್ದುಪಡಿಗೂ ಕಾಯದೆ 21 ಲೋಕಸಭಾ ಕ್ಷೇತ್ರಗಳಲ್ಲಿ 7ನ್ನು ಮಹಿಳೆಯರಿಗೆ ಕೊಟ್ಟರು. ಐವರು ಗೆದ್ದು ಬಂದರು. ಗೆಲ್ಲುವ ಹೆಂಗಸರೇ ಸಿಗುವುದಿಲ್ಲ ಎಂದು ಪ್ರತಿ ಚುನಾವಣೆಗೂ ಗೋಳಾಡುವ ನಮ್ಮ ಕೆಪಿಸಿಸಿ ಕಚೇರಿ, ಮಲ್ಲೇಶ್ವರದ ಬಿಜೆಪಿ ಕಚೇರಿ, ಜೆಡಿಎಸ್‌ನ ಮನೆಮಂದಿ ಭುವನೇಶ್ವರಕ್ಕೆ ಒಂದು ಟಿಕೆಟ್ ತೆಗೆಸಿಕೊಳ್ಳಲಿ. ಅದನ್ನು ಮಾರುವವರು ರಸೀದಿಯನ್ನೂ ಕೊಡುತ್ತಾರೆ.

2028ರಲ್ಲಿ ಮತ್ತೆ ವಿಧಾನಸಭಾ ಚುನಾವಣೆ. 224ರಲ್ಲಿ ಮೂರನೇ ಒಂದು ಎಂದರೆ ಸುಮಾರು 75. ಪ್ರತಿ ಪಕ್ಷವೂ 75 ಮಹಿಳೆಯರಿಗೆ ಬಿ ಫಾರಂ ಕೊಡಲಿ. ಕೊಡಲಾಗದಿದ್ದರೆ, ಕ್ಷೇತ್ರವಾರು ಕಾರಣ ಬರೆದು, ಯಾರ ಹೆಸರು ಬಂದಿತ್ತು, ಯಾರು ಕೈಬಿಟ್ಟರು ಎಂಬುದನ್ನು ಪಟ್ಟಿಯ ಜೊತೆಗೇ ಪ್ರಕಟಿಸಲಿ. ಎರಡನ್ನೂ ಮಾಡದ ಪಕ್ಷಗಳು ಮಾರ್ಚ್ 8ರಂದು ವೇದಿಕೆ ಹಾಕಿಸಿ ಸಾಧಕಿಯರಿಗೆ ಶಾಲು ಹೊದಿಸುವ ಖರ್ಚನ್ನಾದರೂ ಉಳಿಸಿಕೊಳ್ಳಲಿ.