ಇಡ್ಲಿ ತಿಂದದ್ದೇ ತಪ್ಪಾಯಿತು!

ಬೆಳಗಿನ ಜಾವದ ಬೆಂಗಳೂರು ಬಸ್ಸು. ಕಿಟಕಿ ಪಕ್ಕ ಕಿರಾಣಿ ಅಂಗಡಿಯ ಯಜಮಾನರು, ಜೊತೆಗೆ ಮಗ. ಮಡಿಲಲ್ಲಿ ಹಳೇ ಎಕ್ಸ್‌ರೇ, ರಿಪೋರ್ಟು ತುಂಬಿದ ಚೀಲ. ದಾರಿಯಲ್ಲಿ ಬಸ್ಸು ಹೋಟೆಲ್ ಮುಂದೆ ನಿಂತಿತು. “ಹತ್ತು ನಿಮಿಷ ಟೈಮಿದೆ, ಕಾಫಿ ತಿಂಡಿ ಮಾಡೋರು ಮಾಡ್ಕೊಂಡ್ಬನ್ನಿ” ಎಂದು ಕಂಡಕ್ಟರ್ ಕೂಗಿದರು. ಯಜಮಾನರು ಎರಡು ಇಡ್ಲಿ ತಿಂದು, ಸಕ್ಕರೆ ಹಾಕಿದ ಕಾಫಿ ಕುಡಿದು ಹತ್ತಿದರು.

ಒಂಬತ್ತಕ್ಕೆ ದೊಡ್ಡ ಆಸ್ಪತ್ರೆಯಲ್ಲಿ ಮೊದಲ ಪ್ರಶ್ನೆಯೇ, “ಯಜಮಾನ್ರೇ, ಖಾಲಿ ಹೊಟ್ಟೇಲಿ ಬಂದಿದೀರಾ?” ಇಲ್ಲ ಎಂದ ತಕ್ಷಣ, “ಹಾಗಾದ್ರೆ ಇವತ್ತು ಪೆಟ್ ಸ್ಕ್ಯಾನ್ ಆಗಲ್ಲ. ಇನ್ನೊಂದು ದಿನ ಬನ್ನಿ.” ಇಬ್ಬರ ಬಸ್ ಚಾರ್ಜು ದಂಡ, ಅಂಗಡಿ ಬಾಗಿಲು ಹಾಕಿದ್ದು ದಂಡ. ಕ್ಯಾನ್ಸರ್ ಎಲ್ಲಿಗೆ ಹಬ್ಬಿದೆ ಎಂದು ತಿಳಿಯಬೇಕಾದ ಮನುಷ್ಯನಿಗೆ ಮತ್ತೆ ದಿನಗಟ್ಟಲೆ ಕಾಯುವ ಶಿಕ್ಷೆ. ಇಂಥ ಕಥೆ ಕೇಳಲು ದೂರ ಹೋಗಬೇಕಿಲ್ಲ, ಬಸ್ ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಅರ್ಧ ಗಂಟೆ ಕೂತರೆ ಸಾಕು.

ತಪ್ಪು ಯಾರದು? ಆಸ್ಪತ್ರೆಯವರದಲ್ಲ. ಈ ಪರೀಕ್ಷೆಯ ಸ್ವಭಾವವೇ ಹಾಗೆ. ರೋಗಿಗೆ ಚುಚ್ಚುವುದು ಒಂದು ಬಗೆಯ ಸಕ್ಕರೆ. ಅದಕ್ಕೆ ವಿಕಿರಣ ಸೂಸುವ ಫ್ಲೋರಿನ್-18 ಅಂಟಿಸಿರುತ್ತಾರೆ. ಕ್ಯಾನ್ಸರ್ ಗಡ್ಡೆಗಳು ಸಾಮಾನ್ಯವಾಗಿ ಸಕ್ಕರೆಯನ್ನು ಹೆಚ್ಚಾಗಿ ನುಂಗುತ್ತವೆ, ಹೀಗಾಗಿ ಚಿತ್ರದಲ್ಲಿ ಎದ್ದು ಕಾಣುತ್ತವೆ. ಹೊಟ್ಟೆಗೆ ಇಡ್ಲಿ ಕಾಫಿ ಬಿದ್ದಿದ್ದರೆ ಚುಚ್ಚಿದ ಸಕ್ಕರೆ ಮಾಂಸಖಂಡಗಳ ಪಾಲಾಗಿ ಚಿತ್ರ ಕೆಡುತ್ತದೆ. ಅದಕ್ಕೇ ಸುಮಾರು 6 ಗಂಟೆ ಉಪವಾಸ.

ಹಾಗಿದ್ದರೆ ಮಧ್ಯಾಹ್ನದವರೆಗೆ ಕೂರಿಸಬಾರದೇ ಅಂತ ಕೇಳಬಹುದು. ರೋಗಿ ಕೂರುತ್ತಾನೆ, ಔಷಧಿ ಕೂರುವುದಿಲ್ಲ! ಫ್ಲೋರಿನ್-18ರ ಶಕ್ತಿ ಪ್ರತಿ 110 ನಿಮಿಷಕ್ಕೆ ಅರ್ಧಕ್ಕೆ ಇಳಿಯುತ್ತದೆ. ವ್ಯಾಪಾರಸ್ಥರ ಲೆಕ್ಕದಲ್ಲಿ ಹೇಳುವುದಾದರೆ, ಬೆಳಿಗ್ಗೆ ನೂರು ರೂಪಾಯಿ ಮಾಲು ಆರು ಗಂಟೆ ಕಳೆಯುವಷ್ಟರಲ್ಲಿ ಹತ್ತು ರೂಪಾಯಿಗೆ ಬಂದಿರುತ್ತದೆ. ಬೀಗ ಹಾಕಿದರೂ ನಿಲ್ಲದು, ಐಸಿನಲ್ಲಿಟ್ಟರೂ ನಿಲ್ಲದು. ಸಂತೆಯ ಮಲ್ಲಿಗೆ ಮೊಗ್ಗೇ ವಾಸಿ, ನೀರು ಚಿಮುಕಿಸಿದರೆ ಸಂಜೆವರೆಗೆ ಬಾಳುತ್ತದೆ.

ಇನ್ನೊಂದು ಗೊಂದಲವೆಂದರೆ, ಪರೀಕ್ಷೆಗೊಂದು ಪಥ್ಯ. ಮೂಳೆ ಸ್ಕ್ಯಾನಿಗೆ ಉಪವಾಸ ಬೇಕಿಲ್ಲ. ಅದಕ್ಕೆ ಬಳಸುವ ಟೆಕ್ನೀಷಿಯಂ ಔಷಧಿ 6 ಗಂಟೆಗೆ ಅರ್ಧವಾಗುವಂಥದು. ಚುಚ್ಚಿದ ಮೇಲೆ ಎರಡರಿಂದ ನಾಲ್ಕು ಗಂಟೆ ಕಾದು, ಚೆನ್ನಾಗಿ ನೀರು ಕುಡಿಯಬೇಕು ಅಷ್ಟೆ. ಇದು ಗೊತ್ತಿಲ್ಲದೆ ಹಿಂದಿನ ರಾತ್ರಿಯಿಂದ ನೀರೂ ಮುಟ್ಟದೆ ಹೋಗುವವರಿದ್ದಾರೆ. ಹೃದಯದ ರಕ್ತಸಂಚಾರ ನೋಡುವ ಪರೀಕ್ಷೆಯಲ್ಲಿ ಕೆಲವು ಔಷಧಿ ಕೊಡುವುದಾದರೆ ಅರ್ಧ ದಿನದಿಂದ ಒಂದು ದಿನ ಮೊದಲೇ ಕಾಫಿ, ಟೀ ಬಿಡಬೇಕು. ಥೈರಾಯ್ಡ್ ಸ್ಕ್ಯಾನಿಗೆ ಮಾತ್ರೆ ನಿಲ್ಲಿಸಬೇಕೇ ಎಂದು ಡಾಕ್ಟರನ್ನೇ ಕೇಳಬೇಕು. ಹೇಳದಿದ್ದರೆ ಜನಕ್ಕೆ ಗೊತ್ತಾಗೋದು ಹೇಗೆ?

ಹೇಳದ ಜಾಗದಲ್ಲಿ ಹೆದರಿಕೆ ಬೆಳೆಯುತ್ತದೆ. “ಅಣು” ಎಂಬ ಮಾತು ಕಿವಿಗೆ ಬಿದ್ದೊಡನೆ ಬಾಂಬು ನೆನಪಾಗುವವರೇ ಹೆಚ್ಚು. ಥೈರಾಯ್ಡ್ ಹಾರ್ಮೋನಿಗೆ ರಕ್ತ ಕೊಟ್ಟರೂ ಮೈಗೆ ವಿಕಿರಣ ಹೊಕ್ಕಿತೆಂದು ನಿದ್ದೆಗೆಡುವವರುಂಟು. ಅಮೆರಿಕದ ರೊಸಾಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್ ಕಂಡುಹಿಡಿದ ವಿಧಾನದಲ್ಲಿ ವಿಕಿರಣವಸ್ತು ಬೀಳುವುದು ಗಾಜಿನ ನಳಿಗೆಗೇ ಹೊರತು ಮನುಷ್ಯನಿಗಲ್ಲ. ಇಬ್ಬರೂ ಅದಕ್ಕೆ ಪೇಟೆಂಟ್ ಪಡೆಯಲಿಲ್ಲ. 1972ರಲ್ಲಿ ಬರ್ಸನ್ ತೀರಿಕೊಂಡರು, 1977ರಲ್ಲಿ ಯಾಲೋಗೆ ನೊಬೆಲ್ ಬಂತು. ಈಗ ಬಹುಪಾಲು ಲ್ಯಾಬುಗಳು ವಿಕಿರಣದ ಬದಲು ಬೆಳಕು ಸೂಸುವ ರಾಸಾಯನಿಕ ಬಳಸುತ್ತವೆ. ಎರಡರಲ್ಲೂ ರೋಗಿ ಬಸ್ ಹತ್ತಬೇಕಿಲ್ಲ, ರಕ್ತದ ನಳಿಗೆ ಹೋದರೆ ಸಾಕು.

ಸ್ಕ್ಯಾನ್ ಮುಗಿಸಿ ಅದೇ ದಿನ ಊರಿಗೆ ಬರುವವರ ಪಕ್ಕ ಕೂತವರೂ ಗಾಬರಿಪಡಬೇಕಿಲ್ಲ. ಕೆಲವು ಗಂಟೆ ಗರ್ಭಿಣಿಯರಿಂದ, ಎಳೆ ಮಕ್ಕಳಿಂದ ಸ್ವಲ್ಪ ದೂರವಿದ್ದು, ನೀರು ಕುಡಿದು ಆಗಾಗ ಮೂತ್ರಕ್ಕೆ ಹೋಗಿಬಂದರೆ ಸರಿ. ಥೈರಾಯ್ಡ್ ಕ್ಯಾನ್ಸರಿಗೆ ಹೆಚ್ಚು ಪ್ರಮಾಣದಲ್ಲಿ ಅಯೋಡಿನ್-131 ಕೊಟ್ಟು ಪ್ರತ್ಯೇಕ ಕೋಣೆಯಲ್ಲಿ ಇಡುತ್ತಾರಲ್ಲ, ಆ ಚಿಕಿತ್ಸೆಯ ಮಾತೇ ಬೇರೆ.

ಜಿಲ್ಲೆಗೊಂದು ಕೋಟಿಗಟ್ಟಲೆ ಬೆಲೆಯ ಯಂತ್ರ ನಾಳೆಯೇ ತನ್ನಿ ಅಂತ ಯಾರೂ ಹಟ ಹಿಡಿದಿಲ್ಲ. ಕೇಳುತ್ತಿರುವುದು ಒಂದು ಚೀಟಿ. ಬೆಂಗಳೂರಿಗೆ ಬರೆದುಕೊಡುವಾಗಲೇ ಕನ್ನಡದಲ್ಲಿ ಅಚ್ಚು ಹಾಕಿದ ಅರ್ಧ ಹಾಳೆ. ಯಾವ ಪರೀಕ್ಷೆ, ಎಷ್ಟು ಗಂಟೆ ಉಪವಾಸ, ನೀರು ಕುಡಿಯಬಹುದೇ, ಸಕ್ಕರೆ ಕಾಯಿಲೆಯವರು ಮಾತ್ರೆ, ಇನ್ಸುಲಿನ್ ಏನು ಮಾಡಬೇಕು, ಗರ್ಭಿಣಿಯೋ ಮಗುವಿಗೆ ಹಾಲೂಡಿಸುವವರೋ ಆಗಿದ್ದರೆ ಮೊದಲೇ ಹೇಳಿ, ತಡವಾದರೆ ಈ ನಂಬರಿಗೆ ಫೋನ್ ಮಾಡಿ. ಇಷ್ಟೇ! ಪರವೂರಿನವರಿಗೆ ಬಸ್ ತಲುಪುವ ಹೊತ್ತು ನೋಡಿ ಸಮಯ ಕೊಟ್ಟರೆ ಇನ್ನೂ ಒಳ್ಳೆಯದು.

ಡಾಕ್ಟರಿಗೆ ಪುರುಸೊತ್ತಿಲ್ಲ ಎಂಬುದು ನಿಜ. ಬಾಗಿಲ ಹೊರಗೆ ನೂರು ಜನ ಕಾದಿರುತ್ತಾರೆ. ಆದರೆ ಚೀಟಿ ಕೊಡಲು ಡಾಕ್ಟರೇ ಬೇಕೇ? ನರ್ಸಮ್ಮನವರು ಕೊಡಬಹುದು, ಕೌಂಟರಿನ ಗುಮಾಸ್ತರೂ ಕೊಡಬಹುದು. ಮೂಲೆಯ ಔಷಧಿ ಅಂಗಡಿಯ ಹುಡುಗ ಹತ್ತು ರೂಪಾಯಿ ಮಾತ್ರೆಗೂ ಕವರಿನ ಮೇಲೆ 1-0-1 ಅಂತ ಬರೆದುಕೊಡುತ್ತಾನೆ. ಸಾವಿರಗಟ್ಟಲೆ ಖರ್ಚಿನ ಪರೀಕ್ಷೆಗೆ ಮನುಷ್ಯನನ್ನು ಬರೀ ಕೈಯಲ್ಲಿ ಬಸ್ ಹತ್ತಿಸುವುದು ಯಾವ ನ್ಯಾಯ?

ಜಿಲ್ಲಾಸ್ಪತ್ರೆಯವರೂ ನರ್ಸಿಂಗ್ ಹೋಮಿನವರೂ ಗಮನಿಸುವರೇ?