ಲಾರಿಗೆ ನ್ಯಾಷನಲ್ ಪರ್ಮಿಟ್ ಇದೆ, ಹರಿಗೋಲಿಗೆ?

ವಿಜಯವಾಡದ ಆಟೋನಗರ್‌ನಲ್ಲಿ ಕೆಲಸ ಮಾಡುವವರ ಕಿವಿಗೆ ಪರ್ಮಿಟ್ ಎಂಬ ಪದ ದಿನಕ್ಕೆ ಹತ್ತು ಸಲವಾದರೂ ಬೀಳುತ್ತದೆ. ಬಾಡಿ ಕಟ್ಟಿಸಲು ಬಂದ ಲಾರಿ, ಎಂಜಿನ್ ಬಿಚ್ಚಿಸಲು ಬಂದ ಟಿಪ್ಪರ್, ಯಾವುದೇ ಇರಲಿ, ಮೊದಲು ಮಾತು ಹೊರಡುವುದು ಎಫ್‌ಸಿ, ಇನ್ಶೂರೆನ್ಸ್, ಪರ್ಮಿಟ್ ಮೇಲೆ. 2010ರವರೆಗೆ ನ್ಯಾಷನಲ್ ಪರ್ಮಿಟ್ ಎಂದರೂ ಓಡಾಡುವ ರಾಜ್ಯಗಳ ಲೆಕ್ಕದಲ್ಲಿ ಶುಲ್ಕ ಕಟ್ಟಬೇಕಿತ್ತು. ಆ ವರ್ಷದಿಂದ ಒಂದೇ ಶುಲ್ಕ ಕಟ್ಟಿದರೆ ದೇಶವೆಲ್ಲ ತಿರುಗಬಹುದು ಎಂದಾಯಿತು. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ವಾಣಿಜ್ಯ ತೆರಿಗೆಯ ಚೆಕ್‌ಪೋಸ್ಟ್‌ಗಳೂ ಎದ್ದುಹೋದವು. ರಾಯಚೂರಿನ ಲಾರಿ ಇಂದು ವಿಶಾಖಪಟ್ಟಣದ ಬಂದರಿನವರೆಗೆ ಹೋಗಿ ಬರಲು ಗಡಿ ದೊಡ್ಡ ಸಂಗತಿಯೇ ಅಲ್ಲ.

ನೀರಿಗೆ ಇಳಿದರೆ ಈ ಸಲೀಸು ಮಾಯವಾಗುತ್ತದೆ. ಚಳಿಗಾಲ ಬಂತೆಂದರೆ ಆಂಧ್ರದಲ್ಲಿರುವ ನಮ್ಮವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಪಾಪಿಕೊಂಡಲು, ಶ್ರೀಶೈಲ, ನಾಗಾರ್ಜುನಸಾಗರದ ಒಂದು ದಿನದ ದೋಣಿ ಪ್ರವಾಸದ ಯೋಜನೆಗಳು ಏಳುತ್ತವೆ. ಊರಿಗೆ ಹೋದವರು ತುಂಗಭದ್ರೆಯ ಹರಿಗೋಲು, ಹೊಗೆನಕಲ್‌ನ ತೆಪ್ಪ ಎನ್ನುತ್ತಾರೆ. ಯಾರೋ ಒಬ್ಬರು ‘ಗಾಳ ತರಲೇ?’ ಎಂದೂ ಕೇಳುತ್ತಾರೆ. ಈ ಜಾಗಗಳಲ್ಲಿ ಹೆಚ್ಚಿನವು ಎರಡು ರಾಜ್ಯಗಳ ಗಡಿಯ ಮೇಲೋ, ಅದರ ಪಕ್ಕದಲ್ಲೋ ಇವೆ, ಹಲವು ಅಭಯಾರಣ್ಯದೊಳಗಿವೆ. ಯಾವ ದಡದ ಅನುಮತಿ ಬೇಕು, ಮೀನು ಹಿಡಿಯಬಹುದೇ ಎಂದು ಕೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ‘ಏಮೀ ಕಾದು ಸಾರ್’. ಏನೂ ಆಗಲ್ಲ, ಬನ್ನಿ ಎಂದರ್ಥ. ಆದರೆ ಆಗಿದೆ, ಒಂದಲ್ಲ ಹಲವು ಸಲ.

ಒಂದೇ ನದಿ, ಹಲವು ಯಜಮಾನರು

ಗೊಂದಲದ ಬೇರು ಸಂವಿಧಾನದ ಏಳನೇ ಅನುಸೂಚಿಯಲ್ಲಿದೆ. ನೀರು ರಾಜ್ಯಪಟ್ಟಿಯ ವಿಷಯ. ಒಳನಾಡಿನ ಮೀನುಗಾರಿಕೆಯೂ ರಾಜ್ಯದ್ದೇ. ಯಂತ್ರಚಾಲಿತ ದೋಣಿಗಳ ಒಳನಾಡು ಸಂಚಾರ ಸಮವರ್ತಿ ಪಟ್ಟಿಯಲ್ಲಿದೆ. ಕಾಡು ಮತ್ತು ವನ್ಯಜೀವಿಗಳು 1976ರ 42ನೇ ತಿದ್ದುಪಡಿಯ ನಂತರ ಸಮವರ್ತಿ ಪಟ್ಟಿಗೆ ಬಂದವು. ಹಾಗಾಗಿ ಒಂದು ಭಾನುವಾರದ ದೋಣಿ ಪ್ರವಾಸ ಜಲಸಂಪನ್ಮೂಲ, ಮೀನುಗಾರಿಕೆ, ಅರಣ್ಯ, ಪ್ರವಾಸೋದ್ಯಮ, ಕಂದಾಯ, ಪೊಲೀಸ್ ಹೀಗೆ ಆರು ಇಲಾಖೆಗಳನ್ನು ಮುಟ್ಟುತ್ತದೆ. ನದಿಯೇ ಗಡಿಯಾಗಿದ್ದರೆ ಆರು ಹನ್ನೆರಡಾಗುತ್ತದೆ.

2014ರ ವಿಭಜನೆ ಇದಕ್ಕೆ ಹೊಸ ಗಂಟು ಹಾಕಿತು. ಶ್ರೀಶೈಲದಿಂದ ಕೆಳಗೆ ಬಹುದೂರದವರೆಗೆ ಕೃಷ್ಣೆ ಈಗ ಆಂಧ್ರ–ತೆಲಂಗಾಣಗಳ ಗಡಿ. ಆಂಧ್ರದ ದಡದಲ್ಲಿ ನಾಗಾರ್ಜುನಸಾಗರ–ಶ್ರೀಶೈಲಂ ಹುಲಿ ಸಂರಕ್ಷಿತ ಪ್ರದೇಶ, ಎದುರು ದಡದಲ್ಲಿ ತೆಲಂಗಾಣದ ಅಮ್ರಾಬಾದ್. ಮೊದಲು ಒಂದೇ ಆಗಿದ್ದ ಕಾಡು, ಈಗ ಹೆಸರು ಎರಡು, ಅಧಿಕಾರಿಗಳು ಎರಡು. ತೆಲಂಗಾಣದ ಸೋಮಶಿಲದಲ್ಲಿ ಲಾಂಚ್ ಹತ್ತಿದವರು ಇಳಿಯುವುದು ಆಂಧ್ರದ ಶ್ರೀಶೈಲದಲ್ಲಿ. ಗೋದಾವರಿಯ ಕಡೆ ತೆಲಂಗಾಣದ ಭದ್ರಾಚಲಂನಿಂದ ಪಾಪಿಕೊಂಡಲುಗೆ ಹೊರಟವರು ದೋಣಿ ಹತ್ತುವ ಪೋಚವರಂ, ಖಮ್ಮಂ ಜಿಲ್ಲೆಯಿಂದ ಆಂಧ್ರಕ್ಕೆ ಸೇರಿದ ಮಂಡಲಗಳ ಪೈಕಿ ಒಂದರಲ್ಲಿದೆ. ಪ್ರವಾಸಿಗನಿಗೆ ಗಡಿ ದಾಟಿದ್ದು ಗೊತ್ತೇ ಆಗುವುದಿಲ್ಲ. ಅವಘಡ ನಡೆದ ದಿನ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ.

ನೀರು ಕಲಿಸಿದ ಪಾಠ

2017ರ ನವೆಂಬರ್ 12, ಕಾರ್ತಿಕ ಮಾಸದ ಭಾನುವಾರ. ವಿಜಯವಾಡದ ಪಕ್ಕದ ಇಬ್ರಾಹಿಂಪಟ್ನಂ ಬಳಿ, ಕೃಷ್ಣಾ–ಗೋದಾವರಿ ನೀರು ಕೂಡುವ ಪವಿತ್ರ ಸಂಗಮದ ಹತ್ತಿರ ದೋಣಿ ಮಗುಚಿ 20ಕ್ಕೂ ಹೆಚ್ಚು ಜನ ಸತ್ತರು. ಆ ಖಾಸಗಿ ದೋಣಿಗೆ ಅನುಮತಿಯೇ ಇರಲಿಲ್ಲ ಎಂಬುದು ಆಮೇಲೆ ಹೊರಬಿತ್ತು. ಎರಡು ವರ್ಷವೂ ತುಂಬಿರಲಿಲ್ಲ, 2019ರ ಸೆಪ್ಟೆಂಬರ್ 15ರಂದು ಪಾಪಿಕೊಂಡಲುಗೆ ಹೊರಟ ದೋಣಿ ದೇವಿಪಟ್ನಂ ಸಮೀಪದ ಕಚ್ಚುಲೂರಿನಲ್ಲಿ ಮುಳುಗಿತು. ಸತ್ತವರು ಮತ್ತು ಕಣ್ಮರೆಯಾದವರ ಸಂಖ್ಯೆ ಐವತ್ತರ ಆಸುಪಾಸು. ಅಂದು ಗೋದಾವರಿಯಲ್ಲಿ ಸುಮಾರು 5 ಲಕ್ಷ ಕ್ಯೂಸೆಕ್ ನೀರು ಹರಿಯುತ್ತಿತ್ತು. ಅಂಥ ಪ್ರವಾಹದಲ್ಲಿ ದೋಣಿ ಬಿಡಬಾರದು ಎಂದು ಹೇಳಬೇಕಾದವರು ಯಾರು ಎಂಬ ಪ್ರಶ್ನೆಗೆ ಒಬ್ಬರ ಹೆಸರು ಹೇಳುವ ಸ್ಥಿತಿ ಇರಲಿಲ್ಲ. ದೋಣಿಯನ್ನು ಮೇಲೆತ್ತಿದ್ದು ಅಕ್ಟೋಬರ್ 22ಕ್ಕೆ.

ಆನಂತರ ಆಂಧ್ರ ಸರ್ಕಾರ ದೋಣಿ ಸಂಚಾರ ನಿಲ್ಲಿಸಿ, 9 ಕಡೆ ನಿಯಂತ್ರಣ ಕೊಠಡಿಗಳ ಯೋಜನೆ ಮಾಡಿತು. ಗಂಡಿ ಪೋಚಮ್ಮ, ಪೋಚವರಂ, ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡದ ಬರ್ಮ್ ಪಾರ್ಕ್ ಆ ಪಟ್ಟಿಯಲ್ಲಿವೆ. ಬೇರೆ ಬೇರೆ ಇಲಾಖೆಯವರು ಒಂದೇ ಸೂರಿನಡಿ ಕೂತು, ನೀರಿನ ಮಟ್ಟ ನೋಡಿ, ಟಿಕೆಟ್ ಎಣಿಸಿ ದೋಣಿ ಬಿಡಬೇಕು ಎಂಬುದು ಇದರ ತಿರುಳು. ಬೆಲೆ ತುಂಬಾ ದೊಡ್ಡದಾಯಿತು, ಆದರೆ ತಿರುಳು ಸರಿಯಾದದ್ದು.

ಅದೇ ಹೊತ್ತಿಗೆ ಕಾನೂನೂ ಬದಲಾಯಿತು. 1917ರ ಹಳೆಯ ಕಾಯ್ದೆಯ ಬದಲು ಒಳನಾಡು ನೌಕೆಗಳ ಕಾಯ್ದೆ 2021 ಬಂತು. ಒಂದು ರಾಜ್ಯ ಕೊಟ್ಟ ನೋಂದಣಿ ಮತ್ತು ಸರ್ವೆ ಪ್ರಮಾಣಪತ್ರ ದೇಶದ ಎಲ್ಲ ರಾಜ್ಯಗಳಲ್ಲೂ ಸಲ್ಲುತ್ತದೆ ಎಂಬುದು ಅದರ ಮುಖ್ಯ ಮಾತು. ಆಟೋನಗರ್ ಭಾಷೆಯಲ್ಲಿ ಹೇಳುವುದಾದರೆ ಸರ್ವೆ ಪ್ರಮಾಣಪತ್ರವೇ ದೋಣಿಯ ಎಫ್‌ಸಿ. ಈಗ ಅದಕ್ಕೆ ನ್ಯಾಷನಲ್ ಪರ್ಮಿಟ್ ಸಿಕ್ಕಂತೆ. ಯಂತ್ರವಿಲ್ಲದ ದೋಣಿಗಳನ್ನೂ ಸ್ಥಳೀಯ ಮಟ್ಟದಲ್ಲಿ ಲೆಕ್ಕಕ್ಕೆ ತರಲು ಕಾಯ್ದೆಯಲ್ಲಿ ಒಂದು ಅಧ್ಯಾಯವಿದೆ.

ಕಾಗದ ಎಷ್ಟು ಮುಖ್ಯ ಎಂಬುದನ್ನು 2024ರ ಸೆಪ್ಟೆಂಬರ್ ಮತ್ತೆ ತೋರಿಸಿತು. ಕೃಷ್ಣೆಗೆ 11 ಲಕ್ಷ ಕ್ಯೂಸೆಕ್ ಮೀರಿದ ಪ್ರವಾಹ ಬಂದಾಗ, ಮೇಲಿನಿಂದ ಕೊಚ್ಚಿಬಂದ ದೊಡ್ಡ ದೋಣಿಗಳು ಪ್ರಕಾಶಂ ಬ್ಯಾರೇಜಿನ ಗೇಟುಗಳಿಗೆ ಬಡಿದು ಸಿಕ್ಕಿಕೊಂಡವು. ಅವನ್ನು ತೆಗೆಯಲು ದಿನಗಟ್ಟಲೆ ಹೆಣಗಬೇಕಾಯಿತು. ದೋಣಿ ಯಾರದು, ಯಾಕೆ ಕಟ್ಟಿರಲಿಲ್ಲ ಎಂಬ ಜಗಳ ಪೊಲೀಸ್ ಠಾಣೆ ಮತ್ತು ರಾಜಕೀಯ ಪಕ್ಷಗಳ ಕಚೇರಿಗಳಲ್ಲಿ ಬಹಳ ದಿನ ನಡೆಯಿತು. ಇಷ್ಟು ಜಗ್ಗಾಟ ಬೇಕಾಯಿತೆಂದರೆ, ನೋಂದಣಿಯ ಬೆಲೆ ನಮಗಿನ್ನೂ ಅರ್ಥವಾಗಿಲ್ಲ ಎಂದೇ ಅರ್ಥ.

ಮೀನಿಗೆ ನ್ಯಾಷನಲ್ ಪರ್ಮಿಟ್ ಇಲ್ಲ

ದೋಣಿಯ ಪ್ರಶ್ನೆ ಅರ್ಧದಷ್ಟಾದರೂ ಬಗೆಹರಿಯಿತು. ಗಾಳದ ಪ್ರಶ್ನೆ ಹಾಗೇ ಇದೆ. 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ಸಿಡಿಮದ್ದು ಹಾಕಿ, ವಿಷ ಬೆರೆಸಿ ಮೀನು ಹಿಡಿಯುವುದನ್ನು ನಿಷೇಧಿಸಿತು. ಉಳಿದದ್ದೆಲ್ಲ ರಾಜ್ಯಗಳ ಪಾಲು. ಕರ್ನಾಟಕಕ್ಕೆ ತನ್ನದೇ ಒಳನಾಡು ಮೀನುಗಾರಿಕೆ ಕಾಯ್ದೆಯಿದೆ. ಆಂಧ್ರ, ತೆಲಂಗಾಣ, ತಮಿಳುನಾಡಿನ ನಿಯಮಗಳು ಬೇರೆ. ಲೈಸೆನ್ಸ್, ಗುತ್ತಿಗೆ, ಬಲೆಯ ಕಣ್ಣಿನ ಅಳತೆ, ಮೊಟ್ಟೆಯಿಡುವ ಕಾಲದ ನಿಷೇಧ ಎಲ್ಲವೂ ಗಡಿಗೆ ಬಂದು ನಿಲ್ಲುತ್ತವೆ. ಮೀನು ಮಾತ್ರ ನಿಲ್ಲುವುದಿಲ್ಲ.

ಅಭಯಾರಣ್ಯದೊಳಗೆ ಮತ್ತೊಂದು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮೀನೂ ಪ್ರಾಣಿಯೇ. ಪ್ರವಾಸಕ್ಕೆಂದು ಒಳಗೆ ಬಿಡಲು ಕಾಯ್ದೆಯಲ್ಲಿ ಅವಕಾಶವಿದೆ. ಆ ಪ್ರವೇಶದ ಚೀಟಿ ಮೀನು ಹಿಡಿಯುವ ಚೀಟಿಯಲ್ಲ. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಯ ಕಥೆ ಬಲ್ಲವರಿಗೆ ಇದು ಹೊಸದಲ್ಲ. ಕಾವೇರಿಯ ಮಹಶೀರ್ ಮೀನನ್ನು ಗಾಳದಲ್ಲಿ ಹಿಡಿದು, ತೂಗಿ, ಫೋಟೊ ತೆಗೆದು ಮತ್ತೆ ನೀರಿಗೆ ಬಿಡುವ ಶಿಬಿರಗಳಿಗೆ ಹೊರದೇಶದಿಂದಲೂ ಜನ ಬರುತ್ತಿದ್ದರು. ಅಭಯಾರಣ್ಯದೊಳಗೆ ಗಾಳ ಹಾಕುವುದು ಕಾಯ್ದೆಗೆ ವಿರುದ್ಧ ಎಂದು 2010ರ ದಶಕದ ಆರಂಭದಲ್ಲಿ ಅದು ನಿಂತಿತು. ಗಾಳದವರು ಇದ್ದಾಗ ಕಾವಲಿತ್ತು, ಸಿಡಿಮದ್ದಿನವರು ಹೆದರುತ್ತಿದ್ದರು ಎಂಬುದು ಒಂದು ವಾದ. ಕಾನೂನು ಒಬ್ಬರಿಗೆ ಸಡಿಲ, ಇನ್ನೊಬ್ಬರಿಗೆ ಬಿಗಿ ಆಗಬಾರದು ಎಂಬುದು ಇನ್ನೊಂದು. ಎರಡರಲ್ಲೂ ಹುರುಳಿದೆ. ಈ ನಡುವೆ ಕಾವೇರಿ ಜಲಾನಯನದಲ್ಲಿ ಮಾತ್ರ ಇರುವ ಆ ದೊಡ್ಡ ಮಹಶೀರ್, 2018ರಲ್ಲಿ ಐಯುಸಿಎನ್‌ನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿ ಸೇರಿತು.

ಅದೇ ನದಿ ಕೆಳಗೆ ಕರ್ನಾಟಕ–ತಮಿಳುನಾಡುಗಳ ಗಡಿ. ಈ ಕಡೆ 1987ರಿಂದ ಕಾವೇರಿ ವನ್ಯಜೀವಿಧಾಮ. ಆ ಕಡೆ 2022ರಲ್ಲಿ ತಮಿಳುನಾಡು ಘೋಷಿಸಿದ ಕಾವೇರಿ ದಕ್ಷಿಣ ವನ್ಯಜೀವಿಧಾಮ. 2023ರ ಫೆಬ್ರುವರಿಯಲ್ಲಿ ಪಾಲಾರ್ ಬಳಿ ರಾತ್ರಿ ತೆಪ್ಪದಲ್ಲಿ ಬಂದವರ ಮತ್ತು ಕರ್ನಾಟಕದ ಅರಣ್ಯ ಸಿಬ್ಬಂದಿಯ ನಡುವೆ ಘರ್ಷಣೆಯಾಗಿ ಗುಂಡು ಹಾರಿತು. ಕೆಲ ದಿನದಲ್ಲಿ ಸೇಲಂ ಜಿಲ್ಲೆಯ ಗೋವಿಂದಪಾಡಿಯ ಒಬ್ಬರ ಶವ ನದಿಯಲ್ಲಿ ಸಿಕ್ಕಿತು. ಬಂದವರು ಜಿಂಕೆ ಬೇಟೆಗಾರರು ಎಂದು ಇಲ್ಲಿಯ ಇಲಾಖೆ ಹೇಳಿತು. ಮೀನು ಹಿಡಿಯಲು ಹೋದವರು ಎಂದು ಆ ಊರಿನವರು. ಗಡಿಯಲ್ಲಿ ಬಸ್ಸುಗಳು ನಿಂತವು. ನಿಜ ಏನೇ ಇರಲಿ, ಒಂದಂತೂ ಸ್ಪಷ್ಟ: ನೀರಿನ ಮಧ್ಯೆ ಗೆರೆಯಿಲ್ಲ, ಎರಡೂ ದಡದವರು ಒಪ್ಪಿದ ನಿಯಮವೂ ಇಲ್ಲದಿದ್ದರೆ ಅದರ ಹೊರೆ ಬೀಳುವುದು ತೆಪ್ಪದ ಬಡವನ ಮೇಲೆ ಮತ್ತು ರಾತ್ರಿ ಗಸ್ತಿನ ಕಾವಲುಗಾರನ ಮೇಲೆ. ನಾವು ಪ್ರವಾಸಿಗರು ಟಿಕೆಟ್ ಹಣ ವಾಪಸ್ ಕೇಳಿ ಸುಮ್ಮನಾಗುತ್ತೇವೆ.

ದಾರಿ ಇಲ್ಲವೆಂದೇನಲ್ಲ

ಗಡಿ ಮೀರಿದ ನಿಯಮ ನಮಗೆ ಹೊಸದಲ್ಲ. ಸಮುದ್ರವನ್ನೇ ನೋಡಿ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ, ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳ ಮೀನುಗಾರಿಕೆ ಬಂದ್. ಎರಡೂ ಕಡೆ 61 ದಿನ. ವಿಶಾಖಪಟ್ಟಣದ ಹಾರ್ಬರ್ ಖಾಲಿಯಾದಾಗ ಚೆನ್ನೈಯದೂ ಖಾಲಿ. ಮಲ್ಪೆ, ಮಂಗಳೂರಿನಲ್ಲಿ ಲಂಗರು ಬಿದ್ದಾಗ ಕೊಚ್ಚಿಯಲ್ಲೂ ಹೆಚ್ಚುಕಡಿಮೆ ಅದೇ ಕಾಲ. ಈ ದಿನಾಂಕಗಳನ್ನು ಬರೆದದ್ದು ಸರ್ಕಾರವಾದರೂ ಆಧಾರ ಮಳೆಗಾಲ ಮತ್ತು ಮೀನಿನ ಸಂತಾನಕಾಲ. ಕಡಲಿಗೆ ಸಾಧ್ಯವಾದದ್ದು ಕೃಷ್ಣೆಗೆ, ಕಾವೇರಿಗೆ ಯಾಕೆ ಸಾಧ್ಯವಿಲ್ಲ?

ಇನ್ನೊಂದು ಮಾದರಿ ಹೊಸಪೇಟೆಯಲ್ಲಿದೆ. 1953ರಲ್ಲಿ ಆಂಧ್ರ ರಾಜ್ಯ ಹುಟ್ಟಿದಾಗ ಅದರ ಕಾಯ್ದೆಯಡಿಯೇ ರಚನೆಯಾದ ತುಂಗಭದ್ರಾ ಮಂಡಳಿಯಲ್ಲಿ ಇಂದು ಕರ್ನಾಟಕ, ಆಂಧ್ರ, ತೆಲಂಗಾಣ ಮೂರೂ ಇವೆ. ಅದರ ಕೆಲಸ ನೀರು ಹಂಚುವುದಷ್ಟೇ ಅಲ್ಲ, ಜಲಾಶಯದ ಮೀನುಗಾರಿಕೆಯೂ ಅದರ ಕೈಯಲ್ಲಿದೆ. ಗುತ್ತಿಗೆಯ ಬಗ್ಗೆ ಮೀನುಗಾರರ ದೂರುಗಳಿವೆ, ನಿಜ. ಆದರೂ ದೂರು ಕೊಡಲು ಒಂದು ಬಾಗಿಲಿದೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿಹೋದಾಗ ಮೂರೂ ರಾಜ್ಯಗಳು ಒಂದೇ ಮೇಜಿಗೆ ಬಂದವು. ಜಲಾಶಯದ ಕೆಳಗೆ ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗಿನ 34 ಕಿ.ಮೀ. ನದಿ 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು ಎಂಬುದನ್ನೂ ಹರಿಗೋಲು ಹತ್ತುವ ನಮ್ಮವರು ತಿಳಿದಿರಬೇಕು.

ಹೊರಗಿನ ಉದಾಹರಣೆ ಬೇಕೆಂದರೆ ಅಮೆರಿಕದ ಮಿನೆಸೋಟ ಮತ್ತು ಕೆನಡಾದ ಒಂಟಾರಿಯೊ ನಡುವಿನ ಕಾಡು ಸರೋವರಗಳಿವೆ. ಅಲ್ಲಿ ಒಂದು ದಿನ ಕನೂ ದೋಣಿ ಹುಟ್ಟು ಹಾಕಲೂ ಚೀಟಿ ಬೇಕು. ಕೆನಡಾ ಕಡೆಯ ಕ್ವೆಟಿಕೊ ಉದ್ಯಾನದಲ್ಲಿ ಗಾಳಕ್ಕೆ ಮುಳ್ಳು ಇರಬಾರದು, ಜೀವಂತ ಎರೆ ಹಾಕಬಾರದು. ಎರಡು ದೇಶ, ಎರಡು ಲೈಸೆನ್ಸ್, ಕಟ್ಟುನಿಟ್ಟು. ಆದರೆ ಯಾವ ಗೆರೆ ದಾಟಿದರೆ ಯಾವ ನಿಯಮ ಎಂಬುದು ಹೊರಡುವ ಮೊದಲೇ ಪ್ರವಾಸಿಗನ ಕೈಯಲ್ಲಿರುತ್ತದೆ. 1909ರಿಂದ ಆ ಎರಡು ದೇಶಗಳಿಗೆ ಗಡಿ ನೀರಿನ ಒಪ್ಪಂದವೂ ಇದೆ. ನಮ್ಮಲ್ಲಿ ಗಡಿ ಇರುವುದು ಎರಡು ರಾಜ್ಯಗಳ ನಡುವೆ ಮಾತ್ರ, ಕೆಲಸ ಇನ್ನೂ ಸುಲಭವಾಗಬೇಕಿತ್ತು.

ಹೊರಡುವ ಮುನ್ನ

ಅದು ಆಗುವವರೆಗೆ ನಮ್ಮ ಎಚ್ಚರ ನಮ್ಮದು. ದೋಣಿ ಯಾವ ದಡದಿಂದ ಹೊರಡುತ್ತದೋ ಆ ದಡದ ಅಧಿಕೃತ ಟಿಕೆಟ್ ಕೌಂಟರ್‌ನಲ್ಲೇ ಹಣ ಕಟ್ಟಿ, ದಾರಿಯಲ್ಲಿ ಸಿಕ್ಕವರಿಗೆ ಅಲ್ಲ. ದೋಣಿಯ ಮೇಲೆ ನೋಂದಣಿ ಸಂಖ್ಯೆ, ಎಷ್ಟು ಜನ ಹತ್ತಬಹುದು ಎಂಬ ಬರಹ ಇದೆಯೇ ನೋಡಿ. ಲಾರಿ ಹತ್ತುವ ಮೊದಲು ಟೈರ್ ನೋಡಿದ ಹಾಗೆ. ಲೈಫ್ ಜಾಕೆಟ್ ಸೀಟಿನ ಕೆಳಗಲ್ಲ, ಮೈಮೇಲಿರಲಿ. ಮೇಲಿನ ಜಲಾಶಯದಿಂದ ನೀರು ಬಿಟ್ಟ ಸುದ್ದಿ ಇದ್ದರೆ ಹೋಗಬೇಡಿ. ಕೆಆರ್‌ಎಸ್, ಕಬಿನಿಯಿಂದ ನೀರು ಬಿಟ್ಟು ಬಿಳಿಗುಂಡ್ಲುವಿನಲ್ಲಿ ಹರಿವು ಏರಿದರೆ ಹೊಗೆನಕಲ್‌ನಲ್ಲಿ ಧರ್ಮಪುರಿ ಜಿಲ್ಲಾಡಳಿತ ತೆಪ್ಪ ನಿಲ್ಲಿಸುತ್ತದೆ. ಅಲ್ಲಿ ಅಂಬಿಗರ ಜೊತೆ ವಾದಕ್ಕಿಳಿಯಬೇಡಿ, ಅವರ ಅಂದಿನ ಕೂಲಿಯೂ ಹೋಗಿರುತ್ತದೆ.

ಗಾಳದ ವಿಷಯದಲ್ಲಿ ನಿಯಮ ಸರಳ. ಅಭಯಾರಣ್ಯ, ಹುಲಿ ಸಂರಕ್ಷಿತ ಪ್ರದೇಶ, ರಾಷ್ಟ್ರೀಯ ಉದ್ಯಾನಗಳಿಗೆ ಒಯ್ಯಲೇಬೇಡಿ. ಪಾಪಿಕೊಂಡ 2008ರಿಂದ ರಾಷ್ಟ್ರೀಯ ಉದ್ಯಾನ ಎಂಬುದು ನೆನಪಿರಲಿ. ಉಳಿದ ಕಡೆ ಆ ನೀರಿನ ಹಕ್ಕು ಯಾವ ಮೀನುಗಾರರ ಸಹಕಾರ ಸಂಘದ್ದೋ, ಗುತ್ತಿಗೆದಾರರದ್ದೋ ಕೇಳಿ, ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ ಮುಂದುವರಿಯಿರಿ. ನಮಗೆ ಹವ್ಯಾಸವಾದದ್ದು ಅವರಿಗೆ ಅನ್ನ.

ಸರ್ಕಾರಗಳಿಂದ ಕೇಳಬೇಕಾದದ್ದೂ ದೊಡ್ಡದೇನಲ್ಲ. ಶ್ರೀಶೈಲ, ನಾಗಾರ್ಜುನಸಾಗರ, ಪೋಚವರಂ, ಹೊಗೆನಕಲ್‌ಗಳಲ್ಲಿ ಎರಡೂ ದಡಗಳಿಗೆ ಒಂದೇ ಫಲಕ: ಇಂದಿನ ಹರಿವು ಎಷ್ಟು, ದೋಣಿ ಇದೆಯೇ ಇಲ್ಲವೇ, ಮೀನು ಹಿಡಿಯಲು ಎಲ್ಲಿ ಅವಕಾಶ, ಎಲ್ಲಿ ನಿಷೇಧ. ಅದು ಆ ಎರಡೂ ದಡದ ಭಾಷೆಗಳಲ್ಲಿರಲಿ. ಜೊತೆಗೆ ಎರಡೂ ರಾಜ್ಯ ಒಪ್ಪಿದ ಒಂದೇ ನಿಷೇಧ ಕಾಲ. ಹರಿಗೋಲು, ತೆಪ್ಪ, ಪುಟ್ಟಿ, ಪರಿಸಲ್ ಎಂದು ನಾಲ್ಕು ಹೆಸರಲ್ಲಿ ಕರೆದರೂ ಆ ದುಂಡು ದೋಣಿ ಒಂದೇ, ತೇಲುವ ನೀರೂ ಒಂದೇ. ಲಾರಿಗಾಗಿ ಗಡಿ ತೆರೆದ ರಾಜ್ಯಗಳು, ಅಂಬಿಗನಿಗೂ ಮೀನಿಗೂ ಒಮ್ಮತದ ನಿಯಮವೊಂದನ್ನು ಬರೆಯಬಲ್ಲವು. ಎರಡೂ ದಡಗಳ ಬದುಕು ಕಂಡಿರುವ ನಾವೇ ಅದನ್ನು ಮೊದಲು ಕೇಳಬೇಕು.